ಒಲ್ಲೆನೆಂದ ವಕೀಲ

ಮನೆ ಮಾರಿಸುವ ಏಜೆಂಟ್ ಹುಡುಗ ಜ್ಯಾರೆಡ್ ಕೊಟ್ಟಿದ್ದ ಕಾರ್ಡನ್ನು ಹೆಸ್ಟರ್ ಗ್ರೀನ್‌ವುಡ್ ವಕೀಲನ ಮೇಜಿನ ಮೇಲಿಟ್ಟಳು. ಬೆಕ್ಕು ತಂದು ಹಾಕಿದ ಇಲಿಯನ್ನು ಬಾಲ ಹಿಡಿದು ಎತ್ತಿಡುವ ಹಾಗೆ ಇಟ್ಟಳು.

'ಮನೆ ಕಾಗದ ಈ ಕಂಪನಿ ವಕೀಲರ ಹತ್ತಿರ ಮಾಡಿಸಿ ಅಂತಾನೆ. ಎಲ್ಲಾ ಫೋನಲ್ಲೇ. ಅರ್ಧ ರೇಟಿಗೆ ಮುಗಿಸ್ತಾರಂತೆ.'

ಆರ್ನಲ್ಡ್ ಕ್ರ್ಯಾಬ್‌ಟ್ರೀ ಕಾರ್ಡನ್ನು ಮುಟ್ಟಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ದೂರದಿಂದಲೇ ಓದಿದ.

'ಮುಗಿಸ್ತಾರೆ. ನಿಮ್ಮನ್ನ.'

'ಅಷ್ಟು ಕೆಟ್ಟವರಾ?'

'ಕೆಟ್ಟವರಾಗೋಕೂ ಸ್ವಲ್ಪ ಬುದ್ಧಿ ಬೇಕು, ಮಿಸ್ ಗ್ರೀನ್‌ವುಡ್. ಎಲ್ಲೋ ಒಂದು ಗೋದಾಮಿನಲ್ಲಿ ಕಿವಿಗೆ ಫೋನ್ ಸಿಕ್ಕಿಸಿಕೊಂಡು ಕೂತಿರ್ತಾರೆ. ಸೋಮವಾರ ಮಾತಾಡಿದವಳು ಬುಧವಾರ ಇರಲ್ಲ. ನಿಮ್ಮ ಮನೆ ಬೆಟ್ಟದ ಮೇಲಿದೆಯೋ ಸಮುದ್ರದೊಳಗಿದೆಯೋ ಅವರಿಗೆ ಅಂದಾಜಿಲ್ಲ.'

'ಮತ್ತೆ ಜ್ಯಾರೆಡ್‌ಗೆ ಅವರ ಮೇಲೆ ಯಾಕಷ್ಟು ಪ್ರೀತಿ?'

'ಗಿರಾಕಿ ಕಳಿಸಿದ್ದಕ್ಕೆ ಕಮಿಷನ್. ಇಲ್ಲದಿದ್ರೆ ಆ ಚೂಪು ಬೂಟು ಎಲ್ಲಿಂದ ಬರುತ್ತೆ?'

ಹೆಸ್ಟರ್‌ಗೆ ನಗು ಬಂತು. ತಡೆದುಕೊಂಡಳು. ಕ್ರ್ಯಾಗ್‌ಬ್ರಿಜ್‌ನಲ್ಲಿ ಹೊಗಳಿದವರನ್ನು ಅನುಮಾನಿಸುತ್ತಾರೆ, ಬೈದವರಿಗೆ ಕುರ್ಚಿ ಕೊಡುತ್ತಾರೆ. ಯಾರ್ಕ್‌ಷೈರಿನ ಆ ಕಣಿವೆಯಲ್ಲಿ ಅದೇ ಮರ್ಯಾದೆ. ಆರ್ನಲ್ಡ್ ಕುರ್ಚಿಯನ್ನೂ ಕೊಟ್ಟಿದ್ದ. ಅವಳು ಗಾಳಿಗೆ ಸೆಟೆದ ಬೆರಳುಗಳನ್ನು ಉಜ್ಜುತ್ತಿದ್ದುದನ್ನು ನೋಡಿ ಕುರ್ಚಿಯನ್ನು ಹೀಟರಿನ ಪಕ್ಕಕ್ಕೆ ಕಾಲಿನಿಂದ ತಳ್ಳಿದ್ದ. ಚಹಾದ ಮಗ್ಗಿನ ಹಿಡಿ ಅವಳ ಕಡೆಗಿರುವಂತೆ ತಿರುಗಿಸಿ ಇಟ್ಟಿದ್ದ. ಆಮೇಲೆ, 'ಮಾರ್ಚ್ ತಿಂಗಳಲ್ಲಿ ಕೈಗವಸಿಲ್ಲದೆ ಓಡಾಡೋರನ್ನ ಕಂಡರೆ ನನಗಾಗಲ್ಲ,' ಎಂದಿದ್ದ.

ಊರಿನಲ್ಲಿ ಮನೆ ಕ್ರಯದ ಕಾಗದ ಮಾಡುವ ವಕೀಲರು ಇಬ್ಬರೇ. ಹೆಸ್ಟರ್ ಹತ್ತು ಜನರನ್ನು ವಿಚಾರಿಸಿದ್ದಳು. ಕ್ರ್ಯಾಬ್‌ಟ್ರೀ ಒರಟ, ಆದರೆ ಒಂದು ಸಾಲನ್ನೂ ಓದದೆ ಬಿಡುವವನಲ್ಲ, ಎಂದರು ಕೆಲವರು. ಬೀದಿಯ ಎದುರುಗಡೆಯ ಮಿಸೆಸ್ ಹೇಗ್ ಚಾಕುವಿನಂಥವರು, ಎಂದರು ಉಳಿದವರು. ಈ ಇಬ್ಬರಿಗೂ ಇಪ್ಪತ್ತು ವರ್ಷದಿಂದ ಎಣ್ಣೆ ಸೀಗೆಕಾಯಿ.

'ಅವರ ಹತ್ತಿರ ಹೋಗಬೇಕೋ, ನಿಮ್ಮ ಹತ್ತಿರ ಬರಬೇಕೋ ಅಂತ ಯೋಚನೆ ಮಾಡಿದೆ,' ಎಂದಳು.

'ಆ ಹೆಂಗಸು ವಿನಿಗರ್ ಬಾಟ್ಲಿ.'

'ನಿಮ್ಮನ್ನ ಬೆಲ್ಲದಚ್ಚು ಅಂತ ಯಾರೂ ಹೇಳಲಿಲ್ಲ.'

ಅವನು ತಲೆಯೆತ್ತಿ ನೋಡಿದ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು, ಆದರೆ ಕಣ್ಣಿಗೆ ಆ ವಿಷಯ ತಿಳಿದಂತಿರಲಿಲ್ಲ. ಆ ನೋಟ ಅವಳ ಮುಖದ ಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಅವಳು ಚಹಾ ನೋಡಿದಳು. ಮತ್ತೆ ತಲೆಯೆತ್ತಿದಾಗ ಅವನು ಅವಳು ತಂದಿದ್ದ ಮನೆಯ ಕಾಗದ ನೋಡುತ್ತಿದ್ದ. ಕಾಗದ ತಲೆಕೆಳಗಾಗಿತ್ತು.

'ಯಾವ ಮನೆ?' ಎಂದು ಕಾಗದವನ್ನು ಸರಿಮಾಡಿಕೊಂಡ.

'ಗಿರಣಿ ಬೀದೀದು. ಕೆಳಗಿನ ಮನೆ.'

ಇಳಿಜಾರಿಗೆ ಒರಗಿಕೊಂಡ ಆ ಬೀದಿಯಲ್ಲಿ ಮನೆಯ ಮೇಲೆ ಮನೆ. ಕೆಳಗಿನವರ ಬಾಗಿಲು ಈ ಕಡೆ, ಮೇಲಿನವರ ಬಾಗಿಲು ಗುಡ್ಡದ ಆ ಕಡೆ. ಒಬ್ಬರ ಸೂರೇ ಇನ್ನೊಬ್ಬರ ನೆಲ. ಚಾವಣಿ ಸೋರಿದರೆ ಯಾರು ಕಟ್ಟಿಸಬೇಕು ಎಂಬುದನ್ನು ಕಾಗದದಲ್ಲಿ ಸರಿಯಾಗಿ ಬರೆಸದಿದ್ದರೆ ಜೀವನವಿಡೀ ಜಗಳ.

'ಆ ಮನೆಗೆ ಬೆಳಕಿಲ್ಲ,' ಎಂದ ಆರ್ನಲ್ಡ್. 'ಹಿಂದಿನ ಗೋಡೆ ಬೆಟ್ಟಕ್ಕೆ ಅಂಟಿಕೊಂಡಿದೆ. ತೇವ. ಅಲ್ಲಿ ಅಣಬೆ ಬೆಳೀಬಹುದು, ಮನುಷ್ಯರು ಕಷ್ಟ.'

'ನನಗೆ ಗೊತ್ತು. ಆದರೆ ಈ ಕಣಿವೇಲಿ ನನ್ನ ಕೈಗೆಟುಕೋ ಮನೆ ಅದೊಂದೇ.' ಹೆಸ್ಟರಳ ಧ್ವನಿಯಲ್ಲಿದ್ದ ತಮಾಷೆ ಇಳಿಯಿತು. 'ಡೈವೋರ್ಸ್ ಆದಾಗಿನಿಂದ ಅಣ್ಣನ ಮನೆ ಹಿಂದಿನ ಕೋಣೇಲಿದ್ದೀನಿ. ಅತ್ತಿಗೆ ಡೋರಿನ್ ಹಾಲಿನ ಬಾಟ್ಲಿ ಮೇಲೆ ತನ್ನ ಹೆಸರು ಬರೀತಾಳೆ. ನನ್ನ ಕೋಣೆಗೆ ತಟ್ಟದೆ ಬರ್ತಾಳೆ, ಬಂದು ಕಿಟಕಿ ತೆಗೀತಾಳೆ, ನಾನೇನೋ ವಾಸನೆ ಹೊಡೀತೀನಿ ಅನ್ನೋ ಹಾಗೆ. ದಿನವಿಡೀ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸೋಳು ನಾನು. ನನ್ನಷ್ಟು ತೊಳೆದ ಹೆಂಗಸು ಈ ಜಿಲ್ಲೇಲೇ ಇಲ್ಲ.'

ಆರ್ನಲ್ಡ್ ನಕ್ಕ. ಅವನ ನಗು ಹಳೆಯ ಬೀಗ ತೆಗೆದಂತೆ ಕಿರುಗುಟ್ಟಿತು. ಬಹಳ ದಿನದಿಂದ ಬಳಸಿರಲಿಲ್ಲವೇನೋ. ಹೆಸ್ಟರಳೂ ನಕ್ಕಳು.

'ನನ್ನದೇ ಬಾಗಿಲು ಬೇಕು, ಮಿಸ್ಟರ್ ಕ್ರ್ಯಾಬ್‌ಟ್ರೀ. ತೇವ ಇದ್ರೂ ಸರಿ. ಒಳಗಿಂದ ಹಾಕಿಕೊಳ್ಳೋಕೆ ಒಂದು ಬಾಗಿಲು.'

ಅವನು ಅವಳನ್ನು ನೋಡಿದ. ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಚು ಸರಿಮಾಡಿ, ಅವಳ ಕಡೆಗೆ ಸರಿಸಿದ.

'ಈ ಕೆಲಸ ನಾನು ತಗೊಳ್ಳಲ್ಲ.'

'ಏನು?'

'ಮಿಸೆಸ್ ಹೇಗ್ ಹತ್ತಿರ ಹೋಗಿ.'

'ಈಗ ತಾನೇ ವಿನಿಗರ್ ಬಾಟ್ಲಿ ಅಂದ್ರಿ!'

'ಉಪ್ಪಿನಕಾಯಿ ಕೆಡದ ಹಾಗೆ ನೋಡಿಕೊಳ್ಳೋದು ವಿನಿಗರೇ. ನಿಮ್ಮ ಕಾಗದಾನೂ ಕೆಡಲ್ಲ.'

'ಯಾಕೆ ಅಂತಾದ್ರೂ ಹೇಳಿ. ಮನೆ ಸಣ್ಣದು ಅಂತಲಾ? ತೇವದ ಮನೆ ಕೊಳ್ಳೋರು ನಿಮ್ಮ ಅಂತಸ್ತಿಗೆ ಕಮ್ಮಿ ಅಂತಲಾ?'

ಆರ್ನಲ್ಡ್ ಕಾಗದಗಳ ಅಂಚನ್ನು ಮತ್ತೊಮ್ಮೆ ಸರಿಮಾಡಿದ. ಅವನ ಕಿವಿ ಕೆಂಪಾಗಿತ್ತು. ಅದನ್ನು ಹೆಸ್ಟರ್ ದುರಹಂಕಾರವೆಂದು ಓದಿಕೊಂಡಳು. ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ಮಿಸೆಸ್ ಹೇಗ್ ಅವಳ ಕಾಗದಗಳನ್ನು ತರಕಾರಿ ಆರಿಸುವವರ ಹಾಗೆ ತಿರುವಿ ನೋಡಿದರು. ಚಾವಣಿಯ ವಿಷಯಕ್ಕೆ ಮೇಲಿನ ಮನೆಯವರಿಂದ ಕರಾರು ಬರೆಸಬೇಕು ಎಂದರು, ಆ ಸಂಜೆಯೇ ಕಾಗದ ಕಳಿಸಿದರು. ಕೆಲಸದಲ್ಲಿ ಒಂದು ಕುಂದು ಹುಡುಕೋಣವೆಂದರೆ ಹೆಸ್ಟರ್‌ಗೆ ಸಿಗಲಿಲ್ಲ.

'ನಿಮ್ಮನ್ನ ಚೆನ್ನಾಗಿ ನೋಡಿಕೋ ಅಂತ ಕ್ರ್ಯಾಬ್‌ಟ್ರೀ ಫೋನ್ ಮಾಡಿದ್ದ,' ಎಂದರು ಒಂದು ದಿನ. 'ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ ನನಗೆ ಫೋನ್ ಮಾಡಿದ್ದು. ಯಾರಾದರೂ ಸತ್ತರೇನೋ ಅಂದುಕೊಂಡೆ.'

'ಯಾಕೆ ಬಿಟ್ಟರಂತೆ ನನ್ನ ಕೆಲಸಾನ?'

ಮಿಸೆಸ್ ಹೇಗ್ ಪೆನ್ನಿನ ಮುಚ್ಚಳ ಹಾಕಿದರು. 'ಅದರಲ್ಲಿ ತನಗೇ ಒಂದು ಆಸೆ ಇದೆ, ಆಸೆ ಇಟ್ಟುಕೊಂಡು ವಕೀಲಿ ಮಾಡೋದು ತಪ್ಪು ಅಂದ. ಅದು ಸರಿಯೇ, ನಮ್ಮ ಕಸುಬಿನ ನಿಯಮ. ಏನಾಸೆ ಅಂತ ನಾನು ಕೇಳಲಿಲ್ಲ. ಅವನ ಆಸೆಗಳು ನನಗೆ ಬೇಡ.'

ಆ ಮಾತು ಹೆಸ್ಟರಳ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತು. ಏಪ್ರಿಲ್ ಕೊನೆಯ ಶುಕ್ರವಾರ ಜ್ಯಾರೆಡ್‌ನ ಫೋನ್ ಬಂದಾಗ ಅದು ನೆಟ್ಟಗೆ ಚುಚ್ಚಿತು.

'ಸಾರಿ ಹೆಸ್ಟರ್, ಒಂದು ಬೆಳವಣಿಗೆ,' ಎಂದಿತು ಆ ಜೇನು ಸವರಿದ ಧ್ವನಿ. 'ನಿಮಗಿಂತ ಐದು ಸಾವಿರ ಜಾಸ್ತಿ ಕೊಡೋಕೆ ಒಬ್ಬರು ಮುಂದೆ ಬಂದಿದ್ದಾರೆ. ಊರಿನವರೇ. ಗಣ್ಯರು. ಹೆಸರು ಹೇಳೋ ಹಾಗಿಲ್ಲ. ನೀವು ಸ್ವಲ್ಪ ಮೇಲೆ ಬಂದರೆ...'

ಐದು ಸಾವಿರ ಪೌಂಡು ಅವಳ ಬಳಿ ಇರಲಿಲ್ಲ. ಐನೂರೂ ಇರಲಿಲ್ಲ. ಕ್ರಯದ ಕರಾರಿಗೆ ಎರಡೂ ಕಡೆಯ ಸಹಿ ಬಿದ್ದು ಕೈ ಬದಲಾಗುವವರೆಗೆ ಆ ದೇಶದಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು. ಅಲ್ಲಿಯವರೆಗಿನ ಮಾತೆಲ್ಲ ಬರೀ ಗಾಳಿ. ಫೋನ್ ಇಟ್ಟು ತಿರುಗಿದರೆ ಡೋರಿನ್ ಬಾಗಿಲಲ್ಲಿ ನಿಂತಿದ್ದಳು, ಎಂದಿನಂತೆ ತಟ್ಟದೆ.

'ಹೋಯ್ತಾ ಮನೆ? ಹೋಗ್ಲಿ ಬಿಡು. ನಮಗೇನೂ ತೊಂದರೆ ಇಲ್ಲ, ಇನ್ನೊಂದಷ್ಟು ದಿನ ಸಹಿಸಿಕೊಳ್ತೀವಿ.'

ಊರಿನ ಗಣ್ಯರು. ಹೆಸರು ಹೇಳದವರು. ಆ ಮನೆಯ ಮೇಲೆ ಆಸೆ ಇಟ್ಟವರು. ಹೆಸ್ಟರ್‌ಗೆ ಲೆಕ್ಕ ಕೂಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮರುದಿನ ಶನಿವಾರದ ಸಂತೆಯಲ್ಲಿ ಆರ್ನಲ್ಡ್ ಕ್ರ್ಯಾಬ್‌ಟ್ರೀ ಚೀಸ್ ಅಂಗಡಿಯ ಮುಂದೆ ನಿಂತು ಒಂದು ತುಂಡು ವೆನ್ಸ್‌ಲಿಡೇಲ್ ಚೀಸನ್ನು ಅನುಮಾನದಿಂದ ಮೂಸುತ್ತಿದ್ದ.

'ಕಳ್ಳ!' ಎಂದಳು ಹೆಸ್ಟರ್.

ಕೊಳದ ಆಚೆ ದಡದ ಮಕ್ಕಳಿಗೆ ಕೇಳಿಸಬೇಕಾದ ಗಂಟಲು ಅದು. ಅರ್ಧ ಸಂತೆ ತಿರುಗಿತು. ಚೀಸ್ ಮಾರುವ ಬೆರಿಲ್ ಕತ್ತರಿಸುವ ತಂತಿಯನ್ನು ಹಾಗೇ ಹಿಡಿದು ನಿಂತಳು.

'ಗುಡ್ ಮಾರ್ನಿಂಗ್, ಮಿಸ್ ಗ್ರೀನ್‌ವುಡ್.'

'ನನ್ನ ಮನೆ ಕದಿಯೋಕೆ ನನ್ನ ಕೆಲಸ ಬೇಡ ಅಂದ್ರಿ! ನಿಮ್ಮ ಎದುರಿಗೆ ಕೂತು ಅತ್ತಿಗೆ ಕಥೆ ಎಲ್ಲಾ ಹೇಳಿಕೊಂಡೆ. ಎಲ್ಲಾ ಕೇಳಿಸಿಕೊಂಡು, ಹಿಂದಿನಿಂದ ಹೋಗಿ ಐದು ಸಾವಿರ ಜಾಸ್ತಿ ಕೂಗಿದ್ರಿ!'

'ಆ ಮನೆಗಾ? ನಾನಾ?' ಆರ್ನಲ್ಡ್‌ಗೆ ನಿಜಕ್ಕೂ ಅವಮಾನವಾಗಿತ್ತು. 'ನನಗೆ ಬೇಡವಾದ ಮೇಕೇನೂ ಅಲ್ಲಿ ಕಟ್ಟಲ್ಲ. ಯಾರು ಹೇಳಿದ್ರು?'

'ಜ್ಯಾರೆಡ್.'

'ಓಹೋ, ಆ ಬೂಟು!' ಚೀಸನ್ನು ಕೆಳಗಿಟ್ಟ. 'ಅಂಥ ಗಿರಾಕಿ ಹುಟ್ಟೇ ಇಲ್ಲರೀ. ತಿಂಗಳ ಕೊನೇಲಿ ಕಮಿಷನ್ ಲೆಕ್ಕ ಹಾಕೋವಾಗ ಅವನ ತಲೇಲಿ ಹುಟ್ಟುತ್ತೆ. ಹೆಸರು ಬರೆದು ಕೊಡು ಅಂತ ಮಿಸೆಸ್ ಹೇಗ್ ಕೈಲಿ ಕೇಳಿಸಿ, ಆವಿಯಾಗುತ್ತೆ.'

'ಹಾಗಾದ್ರೆ ನಿಮ್ಮ ಆಸೆ ಏನು? ಆಸೆ ಇದೆ ಅಂತ ನೀವೇ ಅಂದಿದ್ದಂತೆ!'

ಅವನ ಕಿವಿ ಕೆಂಪಾಯಿತು. ಬೆರಿಲ್‌ಳನ್ನು ನೋಡಿದ. ಬೆರಿಲ್ ಆಕಾಶ ನೋಡಿದಳು.

'ಮನೆ ಮೇಲಲ್ಲ,' ಎಂದ ಸಣ್ಣ ಧ್ವನಿಯಲ್ಲಿ. 'ಕೊಳ್ಳೋರ ಮೇಲೆ.'

ಹೆಸ್ಟರಳ ಭುಜದಲ್ಲಿದ್ದ ಚೀಲ ಜಾರಿ ಮೊಣಕೈಗೆ ಬಂತು.

'ನನ್ನ ಕಕ್ಷಿದಾರಳಾದ್ರೆ ನಿಮ್ಮನ್ನ ಊಟಕ್ಕೆ ಕರೆಯೋ ಹಾಗಿಲ್ಲ. ಕರೀಬೇಕು ಅಂತ ಅನ್ನಿಸ್ತು. ಅದಕ್ಕೆ ಒಲ್ಲೆ ಅಂದೆ.'

'ಮತ್ತೆ ಕರೀಲಿಲ್ವಲ್ಲ?' ಅವಳ ಧ್ವನಿ ಮತ್ತೆ ಏರಿತು. 'ಒಂದೂವರೆ ತಿಂಗಳಾಯ್ತು! ಫೀಸು ಬಿಟ್ರಿ, ನನ್ನ ಮರ್ಯಾದೆ ಕಳೆದ್ರಿ, ಕೊನೆಗೆ ಕರೆಯೋ ಕೆಲಸಾನೇ ಮಾಡಲಿಲ್ಲ! ಇಂಥ ದಡ್ಡ ವಕೀಲನ್ನ ಎಲ್ಲೂ ನೋಡಿಲ್ಲ.'

'ನಾನೂ ನೋಡಿಲ್ಲ,' ಎಂದಳು ಬೆರಿಲ್.

'ನಿಮಗೆ ಮನೆ ಆಗಲಿ ಅಂತ ಕಾದೆ.' ಆರ್ನಲ್ಡ್ ಈಗ ಹೆಸ್ಟರಳನ್ನೇ ನೋಡುತ್ತಿದ್ದ. 'ಅಣ್ಣನ ಮನೆ ಹಿಂದಿನ ಕೋಣೇಲಿರೋರನ್ನ ಕರೆದ್ರೆ, ಅವರು ನನಗೋಸ್ಕರ ಬಂದ್ರೋ, ಆ ಕೋಣೆಯಿಂದ ತಪ್ಪಿಸಿಕೊಳ್ಳೋಕೆ ಬಂದ್ರೋ, ಪಾಪ ಅವರಿಗೇ ಹೇಗೆ ಗೊತ್ತಾಗುತ್ತೆ? ನಿಮ್ಮದೇ ಬಾಗಿಲು ಇರಲಿ. ಬೇಡ ಅಂದ್ರೆ ನನ್ನ ಮುಖದ ಮೇಲೆ ಹಾಕೋಕಾದ್ರೂ ಇರಲಿ. ಆಮೇಲೆ ಕೇಳೋಣ ಅಂದುಕೊಂಡೆ.'

ಗಾಳಿ ಚೀಸ್ ಅಂಗಡಿಯ ಬಟ್ಟೆಯನ್ನು ಪಟಪಟ ಬಡಿಯಿತು. ಹೆಸ್ಟರ್ ಜಾರಿದ್ದ ಚೀಲವನ್ನು ಮತ್ತೆ ಭುಜಕ್ಕೇರಿಸಿಕೊಂಡಳು.

'ಈ ಮನೆ ಸಿಗದೇ ಇದ್ದಿದ್ರೆ?'

'ಇನ್ನೊಂದು ನೋಡ್ತಿದ್ರಲ್ಲ. ಅದನ್ನೂ ಒಲ್ಲೆ ಅಂತಿದ್ದೆ.'

'ಥೂ,' ಎಂದಳು ಹೆಸ್ಟರ್. ಆದರೆ ಬಹಳ ಮೆಲ್ಲಗೆ ಎಂದಳು. 'ಸರಿ. ಕರಾರು ಆಗೋವರೆಗೆ ನನ್ನ ಕಣ್ಣಿಗೆ ಬೀಳಬೇಡಿ.'

ಗಣ್ಯರ ಹೆಸರನ್ನು ಬರೆದು ಕಳಿಸಬೇಕೆಂದು ಮಿಸೆಸ್ ಹೇಗ್ ಮೂರೇ ಸಾಲಿನ ಕಾಗದ ಬರೆದರು. ಗಣ್ಯರು ಮನಸ್ಸು ಬದಲಿಸಿದರೆಂದು ಜ್ಯಾರೆಡ್ ಮರುದಿನವೇ ತಿಳಿಸಿದ. ಪಾಪ, ಎಷ್ಟು ಬೇಗ ಬದಲಿಸಿದರು. ಮೇಲಿನ ಮನೆಯವರು ಚಾವಣಿಯ ಕರಾರಿಗೆ ಸಹಿ ಹಾಕಿದರು. ಮೇ ತಿಂಗಳ ಒಂದು ಮಧ್ಯಾಹ್ನ, ಹೆಸ್ಟರ್ ಕೊಳದ ಬದಿಯಲ್ಲಿ ನಿಂತಿದ್ದಾಗ ಮಿಸೆಸ್ ಹೇಗ್ ಫೋನ್ ಮಾಡಿ, 'ಮನೆಯ ಕರಾರು ಆಯಿತು. ಇನ್ನು ಅದು ನಿಮ್ಮದೇ, ದೇವರು ಕಾಪಾಡಲಿ,' ಎಂದರು.

ಹೆಸ್ಟರ್ ಪಾಠ ಮುಗಿಸಿ, ಒದ್ದೆ ಕೂದಲಲ್ಲೇ ಬೀದಿ ದಾಟಿ, ಆರ್ನಲ್ಡ್‌ನ ಕಚೇರಿಯ ಮೆಟ್ಟಿಲು ಹತ್ತಿದಳು.

'ಆಯ್ತು,' ಎಂದಳು. 'ಇನ್ನು ಯಾರೂ ಹಿಂದೆ ಸರಿಯೋ ಹಾಗಿಲ್ಲ. ಎಲ್ಲಿಂದಲೂ ತಪ್ಪಿಸಿಕೊಳ್ಳಬೇಕಾದ ದರ್ದು ನನಗಿಲ್ಲ. ಈಗ ಕೇಳಿ.'

ಆರ್ನಲ್ಡ್ ಎದ್ದು ನಿಂತ. ಟೈ ಸರಿಮಾಡಿಕೊಂಡ. 'ಮಿಸ್ ಗ್ರೀನ್‌ವುಡ್, ತಮಗೆ ಅನುಕೂಲವಾದ ಯಾವುದಾದರೂ ಸಂಜೆ, ಉಭಯತ್ರರ ಒಪ್ಪಿಗೆಯ ಮೇರೆಗೆ...'

'ಛೀ! ಇದೇನ್ರೀ, ನೋಟೀಸಾ? ಮನುಷ್ಯರ ಹಾಗೆ ಕೇಳಿ.'

ಅವನು ಕನ್ನಡಕ ತೆಗೆದ. ಕನ್ನಡಕವಿಲ್ಲದ ಆ ಮುಖ ಇದ್ದಕ್ಕಿದ್ದಂತೆ ಬಡವಾಗಿ, ಹತ್ತಿರವಾಗಿ ಕಂಡಿತು.

'ಹೆಸ್ಟರ್,' ಎಂದ. 'ನನ್ನ ಜೊತೆ ಊಟಕ್ಕೆ ಬನ್ನಿ. ಇವತ್ತೇ ಬನ್ನಿ. ನಾಳೆನೂ ಬನ್ನಿ. ಒಬ್ಬನೇ ಉಣ್ಣೋದು ನನಗೆ ಚೆನ್ನಾಗಿ ಅಭ್ಯಾಸ ಆಗಿತ್ತು. ನೀವು ಬಂದು ಹೋದ ಮೇಲೆ ಆ ಅಭ್ಯಾಸ ತಪ್ಪಿಹೋಯ್ತು. ಮತ್ತೆ ಕೂಡಿಬರ್ತಿಲ್ಲ.'

'ಇಷ್ಟು ಹೇಳೋಕೆ,' ಎಂದು ಶುರುಮಾಡಿದಳು ಹೆಸ್ಟರ್. ಮುಂದಿನ ಬೈಗುಳ ಸಿದ್ಧವಾಗಿಯೇ ಇತ್ತು, ಆದರೆ ಅದನ್ನು ಇನ್ನೊಂದು ದಿನಕ್ಕೆ ಎತ್ತಿಟ್ಟಳು. ಗೂಟದಲ್ಲಿದ್ದ ಅವನ ಕೋಟನ್ನು ತೆಗೆದು ಕೊಟ್ಟಳು. ಅವನು ಗುಂಡಿಗಳನ್ನು ಒಂದೊಂದು ತೂತು ತಪ್ಪಿಸಿ ಹಾಕಿಕೊಂಡ. ಅವಳು ಹತ್ತಿರ ಬಂದು ಮೇಲಿನಿಂದ ಒಂದೊಂದೇ ಬಿಚ್ಚಿ ಸರಿಯಾಗಿ ಹಾಕಿದಳು. ಕೊನೆಯ ಗುಂಡಿಯಾದ ಮೇಲೂ ಕೈ ತೆಗೆಯಲಿಲ್ಲ. ಅವನು ಅದರ ಮೇಲೆ ತನ್ನ ಕೈಯಿಟ್ಟ.

'ಎದುರುಗಡೆ ನೋಡ್ತಿದ್ದಾಳೆ,' ಎಂದ ಪಿಸುದನಿಯಲ್ಲಿ.

'ನೋಡ್ಲಿ. ಫೀಸು ಕೊಟ್ಟಿದ್ದೀನಿ.'

ಬೀದಿಯಾಚೆಯ ಕಿಟಕಿಯಲ್ಲಿ, ಊರಿನ ಒಂದು ಸುದ್ದಿಯನ್ನೂ ಇದುವರೆಗೆ ತಪ್ಪಿಸಿಕೊಳ್ಳದ ಮಿಸೆಸ್ ಹೇಗ್ ಚಹಾದ ಬಟ್ಟಲು ಹಿಡಿದು ನಿಂತಿದ್ದರು. ಒಂದು ಗಳಿಗೆ ಇಬ್ಬರನ್ನೂ ದಿಟ್ಟಿಸಿದರು. ಆಮೇಲೆ, ಇನ್ನೂ ಒಳ್ಳೆಯ ಬೆಳಕಿರುವಾಗಲೇ, ಪರದೆ ಇಳಿಸಿಬಿಟ್ಟರು.