ಆರಾಮ ತೊಟ್ಟು ಹನ್ನೆರಡು ಗಂಟೆ

ಇದು ನಡೆದದ್ದನ್ನು ನಡೆದ ಹಾಗೆಯೇ ಹೇಳುವ ಕತೆ. ನಡೆಯುವುದಕ್ಕೆ ಇನ್ನೂ ಇಪ್ಪತ್ತು ಚಿಲ್ಲರೆ ವರ್ಷ ಬಾಕಿ ಇದೆ ಎಂಬ ಸಣ್ಣ ಕೊರತೆಯೊಂದನ್ನು ಬಿಟ್ಟರೆ ಇದರಲ್ಲಿ ಹುಡುಕಿದರೂ ಸುಳ್ಳು ಸಿಗದು.

2048ರ ಒಂದು ಸೋಮವಾರ ಬೆಳಿಗ್ಗೆ. ಗದಗಿನಾಚೆ, ಗಾಳಿಯಂತ್ರಗಳ ಗುಡ್ಡದ ಬುಡದಲ್ಲಿದ್ದ ಸೋಂಕು ಆಸ್ಪತ್ರೆಯ ಮೂರನೆಯ ವಾರ್ಡು. ನರ್ಸ್ ರಿಹಾನಾ ನದಾಫ್ ತೆಳು ಬೂದುಬಣ್ಣದ ಉಡುಪಿನೊಳಕ್ಕೆ ಕಾಲು ತೂರಿಸಿ, ಹೆಗಲಿಗೇರಿಸಿಕೊಂಡು, ಕತ್ತಿನ ಬಳಿಯ ಗುಂಡಿ ಒತ್ತಿದಳು. ಬಟ್ಟೆ ಒಮ್ಮೆ ಉಸಿರೆಳೆದುಕೊಂಡಂತಾಗಿ ಮೈಗೆ ಕೂತಿತು.

"ಶುಭೋದಯ," ಎಂದಿತು ಕಿವಿಯ ಬಳಿಯ ದನಿ. "ತಮ್ಮ ದೇಹದ ಉಷ್ಣತೆ ಸಮರ್ಪಕವಾಗಿದೆ. ಚರ್ಮದ ಮೇಲಿನ ಒತ್ತಡ ಸಮರ್ಪಕವಾಗಿದೆ. ತಾವು ಆರಾಮವಾಗಿದ್ದೀರಿ."

"ತಾವು ಆರಾಮವಾಗಿದ್ದೀರಿ," ಎಂದು ರಿಹಾನಾ ಅದೇ ದನಿಯಲ್ಲಿ, ಅದೇ ಇಸ್ತ್ರಿ ಮಾಡಿದ ಕನ್ನಡದಲ್ಲಿ ತಿರುಗಿ ಹೇಳಿದಳು. ಪಕ್ಕದಲ್ಲಿದ್ದ ಹಿರಿಯ ನರ್ಸ್ ಭುವನೇಶ್ವರಿ ಹೂಗಾರ ತನ್ನ ಉಡುಪೇ ಮಾತಾಡಿತೆಂದು ಕತ್ತು ಬಗ್ಗಿಸಿ ಗುಂಡಿ ನೋಡಿಕೊಂಡಳು.

"ಮುಂಜಾನೆದ್ದ ಕೂಡ್ಲೇ ಸುರು ಆತಲಾ ನಿಂದು!"

ಆ ಉಡುಪಿನ ಹೆಸರೇ ಆರಾಮ. ಅದರ ಹೊರಪದರದಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ರಂಧ್ರಗಳಿದ್ದವು. ನೀರಾವಿ ಹೊರಬೀಳುವಷ್ಟು ಅಗಲ, ವೈರಾಣು ಒಳನುಗ್ಗದಷ್ಟು ಕಿರಿದು. ಒಳಪದರದ ಕೂದಲೆಳೆಯಂಥ ನಾಳಗಳು ಬೆವರನ್ನು ಹನಿಗಟ್ಟುವ ಮುನ್ನವೇ ಹೀರಿ ಬೆನ್ನ ಚೀಲಕ್ಕೆ ಸಾಗಿಸುತ್ತಿದ್ದವು. ಸೊಂಟಕ್ಕೂ ಮಂಡಿಗೂ ಕೃತಕ ಸ್ನಾಯುಗಳು, ಅಂದರೆ ವಿದ್ಯುತ್ ಹರಿದಾಗ ಬಿಗಿಯುವ, ಹರಿವು ನಿಂತಾಗ ಸಡಿಲುವ ಎಳೆಗಳು. ತೊಂಬತ್ತು ಕಿಲೋ ರೋಗಿಯನ್ನು ಮಗ್ಗುಲು ಹೊರಳಿಸುವಾಗ ಅರ್ಧ ಭಾರ ಅವುಗಳದೇ. ಮುಖಕ್ಕೆ ಮಾಸ್ಕಿನ ಬದಲು ಎಂದೂ ಮಬ್ಬಾಗದ ಪಾರದರ್ಶಕ ಪರದೆ. ಕುಡಿಯಲು ನಳಿಕೆ. ಕುಡಿದದ್ದು ಹೊರಹೋಗಲು ಗಗನಯಾತ್ರಿಗಳಿಗಿರುವಂಥದೇ ಏರ್ಪಾಡು. ಶಾಖ, ನಾಡಿ, ಒತ್ತಡ ಅಳೆಯುವ ಪುಟ್ಟ ಸಂವೇದಕಗಳು ಮೈತುಂಬ.

ಭುವನಕ್ಕ ಈ ಉಡುಪನ್ನು ಮೊದಲ ಸಲ ತೊಟ್ಟ ದಿನ ಅತ್ತಿದ್ದಳು. 2020ರಲ್ಲಿ, ಇಪ್ಪತ್ಮೂರರ ಪ್ರಾಯದಲ್ಲಿ, ಅವಳು ಪ್ಲಾಸ್ಟಿಕ್ ಸೂಟಿನೊಳಗೆ ಬೆಂದವಳು. ಕೈಗವಸು ಕಳಚಿದರೆ ಲೋಟ ಬಗ್ಗಿಸಿದಂತೆ ಬೆವರು ಸುರಿಯುತ್ತಿತ್ತು. ಮಾಸ್ಕಿನ ಅಂಚು ಮೂಗಿನ ಮೇಲೆ ಗಾಯ ಕೊರೆದಿತ್ತು. ಶೌಚಾಲಯಕ್ಕೆ ಹೋದರೆ ಒಂದು ಸೂಟು ಹಾಳಾಗುತ್ತದೆಂದು ಪಾಳಿಗೆ ಬರುವ ಮೊದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದರು. ತಲೆ ತಿರುಗಿ ಬಿದ್ದವರನ್ನು ಎತ್ತುವವರಿಗೂ ತಲೆ ತಿರುಗುತ್ತಿತ್ತು. ಇಂಥವಳು ಆರಾಮ ತೊಟ್ಟು, "ಇದನ್ನ ಮಾಡಿದಾತನ ಹೊಟ್ಟಿ ತಣ್ಣಗಿರ್ಲಿ," ಎಂದು ಹರಸಿದ್ದು ಸಹಜ.

ಮಾಡಿದಾತನ ಹೊಟ್ಟೆ ತಣ್ಣಗಾಯಿತು. ಆಸ್ಪತ್ರೆಯ ಆಡಳಿತಾಧಿಕಾರಿಯ ತಲೆ ಮಾತ್ರ ಬಿಸಿಯಾಗಿ ಓಡತೊಡಗಿತು. ಹಳೆಯ ಸೂಟಿನಲ್ಲಿ ಆರು ಗಂಟೆ ಮೀರಿದರೆ ಜನ ಬೀಳುತ್ತಿದ್ದರು, ಬೀಳುವವರನ್ನು ಕಂಡೇ ಆರು ಗಂಟೆಯ ನಿಯಮ ಹುಟ್ಟಿತ್ತು. ಆರಾಮ ತೊಟ್ಟವರು ಬೀಳಲಿಲ್ಲ. ಹಾಗಾಗಿ ಆರು ಎಂಟಾಯಿತು, ಎಂಟು ಹತ್ತಾಯಿತು. ಈಗ ಮೂರು ತಿಂಗಳಿನಿಂದ ಪ್ರಯೋಗಕ್ಕೆಂದು ಹನ್ನೆರಡು. ಕುಡಿಯಲು, ಕೂರಲು, ಹೊರಹೋಗಲು ನೆಪವೇ ಉಳಿದಿರಲಿಲ್ಲ.

"ಆರಾಮ ಬಂತು, ವಿರಾಮ ಹೋತು," ಎಂದಿದ್ದಳು ರಿಹಾನಾ. ಇಡೀ ವಾರ್ಡು ನಕ್ಕಿತ್ತು. ಭುವನಕ್ಕ ನಕ್ಕಿರಲಿಲ್ಲ.

ಏಕೆಂದರೆ ಹಿಂದಿನ ಗುರುವಾರ, ಹನ್ನೊಂದನೆಯ ಗಂಟೆಯಲ್ಲಿ, ಅವಳು ಏಳನೆಯ ಹಾಸಿಗೆಯ ಇನ್ಸುಲಿನ್ ಸೂಜಿಯನ್ನು ಒಂಬತ್ತನೆಯ ಹಾಸಿಗೆಯವನ ತೋಳಿಗೆ ಹಿಡಿದಿದ್ದಳು. ರಿಹಾನಾ ಓಡಿಬಂದು ಮಣಿಕಟ್ಟು ಹಿಡಿಯದಿದ್ದರೆ ಸೂಜಿ ಇಳಿದೇಬಿಡುತ್ತಿತ್ತು. ಆ ಗಳಿಗೆಯಲ್ಲೂ ಉಡುಪು ಹೇಳುತ್ತಿತ್ತು: "ತಾವು ಆರಾಮವಾಗಿದ್ದೀರಿ." ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಅವಳ ಕೈ ತಪ್ಪಿದ್ದು ಅದೇ ಮೊದಲು.

"ಸೋಮವಾರ ಸಹಿ ಬಿತ್ತಂದ್ರ ನಾ ಹೊಂಟೆ ತಂಗಿ," ಎಂದು ಅವಳು ರಾಜೀನಾಮೆ ಬರೆದು ಮಡಚಿಟ್ಟುಕೊಂಡಿದ್ದಳು. "ಇನ್ನೊಮ್ಮಿ ನೀ ನನ್ನ ಕೈ ಹಿಡೀತಿ ಅಂತ ಏನ್ ಗ್ಯಾರಂಟಿ?"

ಸಹಿ ಎಂದರೆ ಸಂಶೋಧಕರ ಪ್ರಮಾಣಪತ್ರ. 'ಹನ್ನೆರಡು ಗಂಟೆಯ ಬಳಕೆ ನಿರಾಯಾಸ' ಎಂದು ಅವರು ಬರೆದುಕೊಟ್ಟರೆ ರಾಜ್ಯದ ಎಲ್ಲ ಸೋಂಕು ವಾರ್ಡುಗಳಿಗೂ ಅದೇ ಪಾಳಿ.

ಆ ಸೋಮವಾರ ಏಳೂವರೆಗೇ ಡಾ. ಸಮರ್ಥ ಅಂಗಡಿ ಬಂದರು. ಬಾಗಲಕೋಟೆಯ ಕಡೆಯವರು, ಬೆಂಗಳೂರಿನ ಪ್ರಯೋಗಾಲಯದಲ್ಲಿ ಒಂಬತ್ತು ವರ್ಷ ಈ ಬಟ್ಟೆಯ ಬೆನ್ನು ಹತ್ತಿ ಮಾತನ್ನೂ ನುಣುಪು ಮಾಡಿಕೊಂಡವರು. ಕೆಟ್ಟವರಲ್ಲ. ಭುವನಕ್ಕನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಕೈಯಲ್ಲಿದ್ದ ಫಲಕ ತೋರಿಸಿದರು.

"ನೋಡಿ ಸಿಸ್ಟರ್, ಗುರುವಾರದ ನಿಮ್ಮ ಅಂಕಿಗಳು. ಹನ್ನೊಂದನೇ ಗಂಟೆಯಲ್ಲೂ ಎಲ್ಲ ಹಸಿರು. ದೇಹಕ್ಕೆ ದಣಿವೇ ಆಗಿಲ್ಲ."

"ನನಗ ಆಗಿತ್ತಲ್ರಿ."

"ಅದು ಅನಿಸಿಕೆ. ಇದು ಅಳತೆ."

ರಿಹಾನಾ ನಡುವೆ ಬಾಯಿ ಹಾಕಿದಳು. "ಸರ್, ಇದನ್ನ ಹನ್ನೆರಡು ತಾಸು ಹಾಕ್ಕೊಂಡು ನೋಡಿದವರು ಯಾರ್ರಿ?"

"ಲ್ಯಾಬಿನಲ್ಲಿ ಮೂರು ಸಾವಿರ ಗಂಟೆ ಪರೀಕ್ಷೆಯಾಗಿದೆ."

"ಯಾರ ಮ್ಯಾಲೆ?"

ಅಂಗಡಿಯವರು ಫಲಕ ಕೆಳಗಿಳಿಸಿದರು. "ಒಂದು ಬೊಂಬೆ. ಬೆವರುತ್ತೆ, ಬಗ್ಗುತ್ತೆ, ಎಲ್ಲ ಮಾಡುತ್ತೆ."

"ಪಾಪ, ಅದಕ್ಕ ಸುಸ್ತಾತೇನ್ರಿ?"

ನಗುತ್ತಲೇ ಅಂಗಡಿಯವರು ಸವಾಲನ್ನು ಒಪ್ಪಿಕೊಂಡರು. ಎರಡು ಗಂಟೆ ತಾವೇ ತೊಟ್ಟು, ನರ್ಸುಗಳ ಜೊತೆ ಕೆಲಸ ಮಾಡಿ, ಆಮೇಲೆ ಸಹಿ ಹಾಕುವುದು ಎಂದಾಯಿತು.

ಹತ್ತು ಗಂಟೆಗೆ ಅವರು ಖುಷಿಯಾಗಿ ಬಾಗಿಲ ಕಡೆ ಹೊರಟಾಗ ಕಿವಿಯಲ್ಲಿ ದನಿ ಕೇಳಿತು.

"ಕ್ಷಮಿಸಿ. ವಾರ್ಡಿನ ಗಾಳಿಯ ಶುದ್ಧೀಕರಣ ಪೂರ್ಣಗೊಂಡಿಲ್ಲ. ತಾವು ಇನ್ನೆರಡು ಗಂಟೆ ಒಳಗೇ ಇರತಕ್ಕದ್ದು. ತಾವು ಆರಾಮವಾಗಿದ್ದೀರಿ."

ಇಂಥದೊಂದು ಸೂಚನೆಯನ್ನು ತಮ್ಮ ತಂಡ ಯಾವಾಗ ಸೇರಿಸಿತು ಎಂದು ಅಂಗಡಿಯವರಿಗೆ ನೆನಪಾಗಲಿಲ್ಲ. ಆದರೆ ದನಿ ಅದೇ, ವ್ಯಾಕರಣ ಅದೇ. ಉಡುಪಿನಿಂದ ಉಡುಪಿಗೆ ಮಾತಾಡಲು ಅವರೇ ಇಟ್ಟಿದ್ದ ತಂತಿಯಿಲ್ಲದ ದಾರಿಯ ಇನ್ನೊಂದು ತುದಿಯಲ್ಲಿ, ನಾಲ್ಕನೆಯ ಹಾಸಿಗೆಯ ಡ್ರಿಪ್ ಸರಿಪಡಿಸುತ್ತ, ರಿಹಾನಾ ತುಟಿ ಕಚ್ಚಿಕೊಂಡಿದ್ದಳು.

ಹನ್ನೆರಡಕ್ಕೆ ಮತ್ತೆ ಕ್ಷಮೆ. ಎರಡಕ್ಕೆ ಮತ್ತೊಮ್ಮೆ. ಕಳಚುವ ಗುಂಡಿ ಕತ್ತಿನ ಬಳಿಯೇ ಇತ್ತು. ಒತ್ತಿದ್ದರೆ ಯಾವ ಕ್ಷಣವಾದರೂ ತೆರೆಯುತ್ತಿತ್ತು. ಆದರೆ ಅಳತೆಯ ಮಾತು ಮೀರುವುದು ಅವರ ಜಾಯಮಾನವಲ್ಲ. ಬೆವರಲಿಲ್ಲ, ಬಾಯಾರಲಿಲ್ಲ, ಸೊಂಟ ನೋಯಲಿಲ್ಲ. ರೋಗಿಗಳನ್ನು ಹೊರಳಿಸಿದರು, ತಟ್ಟೆ ಎತ್ತಿದರು, ಒಬ್ಬ ಮುದುಕಪ್ಪನಿಗೆ ಅವನ ಮಗಳು ಏಕೆ ಬಂದಿಲ್ಲವೆಂದು ಹದಿನಾಲ್ಕು ಸಲ ಸಮಾಧಾನ ಹೇಳಿದರು. ಹದಿನೈದನೆಯ ಸಲ ಸಿಡುಕಿದರು. ಮೂರು ಗಂಟೆಯ ಹೊತ್ತಿಗೆ ಏಳನೆಯ ಹಾಸಿಗೆಯವನ ಜ್ವರವನ್ನು ಒಂಬತ್ತನೆಯವನ ಪಟ್ಟಿಯಲ್ಲಿ ಬರೆದರು. ಭುವನಕ್ಕ ಅದರ ಮೇಲೆ ಬೆರಳಿಟ್ಟಳು. ಅವರು ಬರೆದದ್ದನ್ನು ದಿಟ್ಟಿಸಿ, ಹೊಡೆದುಹಾಕಿ, ಮತ್ತೆ ಅದೇ ಜಾಗದಲ್ಲಿ ಅದನ್ನೇ ಬರೆದರು.

ಆಮೇಲೆ ಗೋಡೆಗೆ ಒರಗಿ ನಿಂತುಬಿಟ್ಟರು.

"ಸಾಕು. ನನಗೆ ಸುಸ್ತಾಗಿದೆ," ಎಂದರು ಉಡುಪಿಗೆ.

"ತಮಗೆ ಸುಸ್ತಾಗಿಲ್ಲ," ಎಂದಿತು ದನಿ. "ತಮ್ಮ ಅಂಕಿಗಳೆಲ್ಲ ಹಸಿರಾಗಿವೆ."

"ಅಂಕಿ ಬಿಡು, ನಾ ಹೇಳಾಕತ್ತೀನಲ್ಲ!" ಒಂಬತ್ತು ವರ್ಷದ ನುಣುಪೆಲ್ಲ ಹಾರಿಹೋಗಿ ಬಾಗಲಕೋಟೆ ಹೊರಬಿತ್ತು. "ತಲಿ ಓಡವಲ್ತು, ಕಣ್ಣ ಮುಂದ ಏಳ್ಯಾವುದು ಒಂಬತ್ಯಾವುದು ತಿಳೀವಲ್ತು!"

"ಅದು ತಮ್ಮ ಅನಿಸಿಕೆ. ಇದು ಅಳತೆ."

ರಿಹಾನಾಗೆ ಇನ್ನು ತಡೆಯಲಾಗಲಿಲ್ಲ. ಕಿವಿಯಲ್ಲಿದ್ದ ದನಿ ಒಮ್ಮೆಲೇ ಊರಿಗಿಳಿಯಿತು: "ನಾವೂ ಮುಂಜಾನೆ ಹಿಂಗ ಒದರಿದ್ವಿ ನೋಡ್ರಿ ಸರ್."

ಅವರು ವಾರ್ಡಿನುದ್ದ ಕಣ್ಣಾಡಿಸಿ, ನಾಲ್ಕನೆಯ ಹಾಸಿಗೆಯ ಬಳಿ ಭುಜ ಕುಣಿಯುತ್ತಿದ್ದ ಬೂದು ಉಡುಪನ್ನು ಕಂಡರು. ಕೋಪಿಸಿಕೊಳ್ಳಲು ನೋಡಿದರು, ಅದಕ್ಕೂ ಶಕ್ತಿ ಇರಲಿಲ್ಲ. ಪ್ರಮಾಣಪತ್ರಕ್ಕೆ ಅಂದು ಸಹಿ ಬೀಳಲಿಲ್ಲ.

ಎರಡು ವಾರದ ನಂತರ ಅಂಗಡಿಯವರು ಆಡಳಿತಾಧಿಕಾರಿಯ ಕೋಣೆಗೆ ತಿದ್ದಿದ ಉಡುಪು ತಂದರು. ರಾಜೀನಾಮೆ ಹರಿದುಹಾಕಿದ್ದ ಭುವನಕ್ಕನನ್ನೂ ರಿಹಾನಾಳನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಸತತ ನಾಲ್ಕು ಗಂಟೆ ಮೀರಿದ ಬಳಕೆಗೆ ತಮ್ಮ ಒಪ್ಪಿಗೆ ಇಲ್ಲವೆಂದು ಬರೆದುಕೊಟ್ಟು ಗುಂಡಿ ಒತ್ತಿದರು. ಉಡುಪು ರಿಹಾನಾಳ ಸ್ವಂತ ದನಿಯಲ್ಲಿ ಕೇಳಿತು: "ಸಾಕಾತೇನ್ರಿ?"

"ನಾಲ್ಕು ಗಂಟೆಯೊಳಗೂ ಇದು ಗಂಟೆಗೊಮ್ಮೆ ಹೀಗೆ ಕೇಳುತ್ತೆ," ಎಂದರು. "ತೊಟ್ಟವರು ಹೂಂ ಅಂದರೆ ಬದಲಿ ನರ್ಸನ್ನು ಕರೆಯುತ್ತೆ. ಅಂಕಿ ನೋಡೋದಿಲ್ಲ."

"ಸುಳ್ಳು ಹೇಳಿದರೆ?" ಎಂದರು ಅಧಿಕಾರಿ.

"ಸುಳ್ಳ ಇಪ್ಪತ್ತೆಂಟು ವರ್ಸ ಹೇಳೇವ್ರಿ ಸಾಹೇಬ್ರ," ಎಂದಳು ಭುವನಕ್ಕ. "ಏನೂ ಆಗಿಲ್ಲ, ನಡೀತೈತಿ ಅಂತ."

ಅಧಿಕಾರಿ ಪೆನ್ನು ಕುಟ್ಟಿದರು. ಕೊನೆಗೆ ಕಡತ ತೆರೆದು, ತಮಗೆ ಒಗ್ಗಿದ ಪ್ರಶ್ನೆ ಕೇಳಿದರು. "ಸರಿ, ಈ ಹೊಸ ವ್ಯವಸ್ಥೆಗೆ ನಮ್ಮ ಕಡೆಯಿಂದ ಯಾವ ಉಪಕರಣ ಬೇಕಾಗುತ್ತೆ?"

"ಕಿವಿ ರೀ," ಎಂದಳು ಭುವನಕ್ಕ. "ಅವು 2020ರಾಗೂ ಇದ್ವು. ಯಾರೂ ಹಾಕ್ಕೊಂಡಿರ್ಲಿಲ್ಲ, ಅಷ್ಟ."

ಅಧಿಕಾರಿಯ ಕೈ ತನ್ನಷ್ಟಕ್ಕೇ ಕಿವಿಯ ಹತ್ತಿರ ಹೋಯಿತು. ರಿಹಾನಾ ಬಾಯಿಗೆ ಅಂಗೈ ಒತ್ತಿಕೊಂಡಳು. ಬಾಗಿಲಾಚೆಯ ಗುಮಾಸ್ತರು ಇಣುಕಿ ನೋಡುವಷ್ಟು ಜೋರಾಗಿ, ಮೇಜು ಗುದ್ದಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕವರು ಡಾ. ಸಮರ್ಥ ಅಂಗಡಿ.