ಬುಟ್ಬುಟ್ಟೆ ಅಂದಳಂತೆ!

"ಅಮ್ಮಾ... ಗಂಡ ಹೆಂಡ್ತೀನ ಕೂಡಿಸೋರ ಮನೆ ಇದೇನಾ?"

ಕಡಲೆಕಾಯಿ ಕೇರುತ್ತಿದ್ದ ಶಿವರುದ್ರಮ್ಮನ ಕೈಯಲ್ಲಿ ಮೊರ ನಿಂತುಬಿಟ್ಟಿತು.

ಆ ದನಿ! ಏಳು ವರ್ಷವಾದರೂ ಅದನ್ನು ಮರೆಯಲು ಆಗಿರಲಿಲ್ಲ.

ತಲೆ ಎತ್ತಿದಳು. ಹೊಸಿಲಿನ ಆಚೆ ರೇಣುಕಯ್ಯ ನಿಂತಿದ್ದ. ಅವಳ ಗಂಡ. ಅಲ್ಲ... ಗಂಡನಾಗಿದ್ದವನು.

ಅವನೂ ಅವಳನ್ನು ಕಂಡ. 'ಅಮ್ಮಾ' ಎಂದು ಕೂಗಿದ ಬಾಯಿ ತೆರೆದೇ ಉಳಿಯಿತು.

"ನೀನು... ಶಿರಾದಲ್ಲಿ?"

"ಕೆಲಸ ಹೇಳಿ. ಯಾರ ಸಂಸಾರ?"

"ನನ್ನ ತಂಗೀದು."

ಅವನ ಬೆನ್ನ ಹಿಂದೆ ದಾಕ್ಷಾಯಣಿ ಅಳು ನುಂಗಿಕೊಂಡು ನಿಂತಿದ್ದಳು. ಅವಳ ಗಂಡ, ಪಾವಗಡದ ಪರ್ವತಯ್ಯ, ನಾಲ್ಕು ಮಾರು ದೂರದಲ್ಲಿ ನಿಂತು ಬೀದಿಯ ನಾಯಿ ನೋಡುತ್ತಿದ್ದ.

"ಅತ್ತಿಗೇ..." ದಾಕ್ಷಾಯಣಿ ಮುಂದೆ ಬಂದಳು.

"ಇಲ್ಲಿ ಯಾರೂ ಅತ್ತಿಗೆ ಇಲ್ಲ. ಒಳಗೆ ಬಾ."

"ಇವತ್ತು ಸರಿಹೋಗ್ಲಿಲ್ಲ ಅಂದ್ರೆ ಪರ್ವತಯ್ಯನ ಅಪ್ಪ ಬೇರೆ ಹೆಣ್ಣು ನೋಡ್ತಾರಂತೆ," ರೇಣುಕಯ್ಯ ತಲೆ ತಗ್ಗಿಸಿದ. "ನನ್ನ ಮೇಲಿನ ಸಿಟ್ಟು ಅವಳ ಮೇಲೆ ಹಾಕಬೇಡ."

ಸಿಕ್ಕಿದ! ಶಿವರುದ್ರಮ್ಮನ ಎದೆ ಡವಗುಟ್ಟಿತು. ಅದು ಪ್ರೀತಿಯಲ್ಲ, ಮರುಕವೂ ಅಲ್ಲ. ಅಪ್ಪಟ ಸೇಡು. 'ನನ್ನ ಮನೆ ಮುರಿದೆಯಲ್ಲ, ಈಗ ನಿನ್ನ ತಂಗಿ ಮನೆ ಮುರಿಯೋದನ್ನ ಕಣ್ಣಾರೆ ನೋಡು!'

ಏಳು ವರ್ಷದ ಹಿಂದೆ ಬಸುರು ಇಳಿದು ಸೊರಗಿದ್ದ ಅವಳನ್ನು ಅವನೇ ಬಡವನಹಳ್ಳಿಯ ತವರಿಗೆ ಕರೆತಂದಿದ್ದ. ಮೂರು ತಿಂಗಳಾದರೂ ತಿರುಗಿ ಬರಲಿಲ್ಲ. ಅವಳಪ್ಪ ದಿಗಿಲುಬಿದ್ದು ವೃಷಭೇಂದ್ರಪ್ಪನವರನ್ನು ಕೊರಟಗೆರೆಗೆ ಕಳಿಸಿದರು. ಜಾತಿಯ ಹಿರಿಯರು, ಹತ್ತೂರ ನ್ಯಾಯ ತೀರಿಸಿದವರು. ಅವರದ್ದೊಂದು ಪದ್ಧತಿ. ಗಂಡ ಹೆಂಡತಿಯನ್ನು ಎದುರುಬದುರು ಕೂರಿಸುತ್ತಿರಲಿಲ್ಲ. ಕೂರಿಸಿದರೆ ಜಗಳ ಹೆಚ್ಚುತ್ತದೆ ಎಂಬುದು ಅವರ ನಂಬಿಕೆ. ಇಲ್ಲಿಯ ಮಾತು ಅಲ್ಲಿಗೆ, ಅಲ್ಲಿಯದು ಇಲ್ಲಿಗೆ ತಾವೇ ಹೊರುತ್ತಿದ್ದರು.

ಅವತ್ತು ಅವರು ಹೊತ್ತು ತಂದದ್ದು ಒಂದೇ ಮಾತು. "ಬುಟ್ಬುಟ್ಟೆ ಅಂದ ಕಣಮ್ಮ."

ಅವಳು ಅಳಲಿಲ್ಲ. "ಅಂಗಾದ್ರೆ ನಾನೂ ಬುಟ್ಟೆ ಅನ್ನಿ," ಎಂದಿದ್ದಳು.

ಬಿಟ್ಟವಳು, ಬಿಟ್ಟವಳು ಎಂದು ಊರು ಬಾಯಿಗೆ ಬಂದಂತೆ ಆಡಿಕೊಂಡಿತು. ತಡೆಯಲಾರದೆ ಶಿರಾಕ್ಕೆ ಬಂದು ಸೂಲಗಿತ್ತಿ ಅಮೀರ್ ಬಿಯ ಜೊತೆ ಸೇರಿದಳು. ಹೆರಿಗೆಗೆಂದು ಮನೆಮನೆಯ ಒಳಕೋಣೆ ಹೊಕ್ಕವಳಿಗೆ ಸಂಸಾರದ ಗುಟ್ಟು ಗೊತ್ತಾಗದೆ ಇರುತ್ತದೆಯೇ? ಅಮೀರ್ ಬಿ ಬಾಣಂತಿಯ ಹೊಟ್ಟೆ ನೀವುತ್ತಲೇ ಗಂಡನನ್ನು ಎದುರಿಗೆ ಕೂರಿಸಿ ಮಾತಾಡಿಸುತ್ತಿದ್ದಳು. "ಯಾರ ಮಾತು ಅವರ ಬಾಯಲ್ಲೇ ಬರಬೇಕು ಬೇಟಿ. ಮಧ್ಯದಲ್ಲಿರೋಳು ಕಿವಿ ಮಾತ್ರ." ಶಿವರುದ್ರಮ್ಮ ಅದನ್ನೇ ಕಲಿತಳು. ಐದು ವರ್ಷದಲ್ಲಿ ಅವಳ ಮನೆಯಿಂದ ಮುರಿದುಕೊಂಡು ಹೋದ ಜೋಡಿ ಒಂದೂ ಇಲ್ಲ.

ಇವತ್ತು ಮಾತ್ರ ಅವಳು ದಾಕ್ಷಾಯಣಿಯೊಬ್ಬಳನ್ನೇ ಒಳಕೋಣೆಗೆ ಕರೆದಳು.

ಮೂಲೆಯಲ್ಲಿ ಎಲೆಅಡಿಕೆ ಜಗಿಯುತ್ತಿದ್ದ ಅಮೀರ್ ಬಿ ಹುಬ್ಬೇರಿಸಿದಳು. "ಇದೇನೇ, ಒಬ್ಬೊಬ್ಬರನ್ನೇ?"

"ನೀವು ಸುಮ್ನಿರಿ ಬಿಬಿ."

ಒಳಗೆ ದಾಕ್ಷಾಯಣಿ ಬಿಕ್ಕಿದಳು. "ಬಸುರಿ ವಾಂತಿ ಜಾಸ್ತಿ ಆಗಿ ತವರಿಗೆ ಬಂದೆ ಅತ್ತಿಗೆ. ಮನೆ ಬುಟ್ಟು ಓಡೋದ್ಳು ಅಂತ ನಮ್ಮತ್ತೆ ಸಾರಿದ್ರು. ಇವರು ಒಂದಿನಾನಾದ್ರೂ ಬಂದು ಕರೀಬೇಕಲ್ವಾ? ದಾರಿ ನೋಡೀ ನೋಡೀ, ಬತ್ತಾರೆ ಅನ್ನೋ ಆಸೇನೇ ಬುಟ್ಬುಟ್ಟೆ..."

ಸಾಕು. ಇಷ್ಟೇ ಬೇಕಾಗಿದ್ದದ್ದು.

ಶಿವರುದ್ರಮ್ಮ ಜಗಲಿಗೆ ಬಂದಳು. ಪರ್ವತಯ್ಯ ಕಂಬಕ್ಕೊರಗಿ ಕೂತಿದ್ದ. ಪಕ್ಕದಲ್ಲಿ ರೇಣುಕಯ್ಯ.

"ಬುಟ್ಬುಟ್ಟೆ ಅಂದ್ಳು ಕಣಪ್ಪ ನಿನ್ನ ಹೆಂಡ್ತಿ."

ಸುಳ್ಳಲ್ಲ. ಆ ಪದ ಅವಳ ಬಾಯಿಂದಲೇ ಬಂದದ್ದು. ಅದಕ್ಕೆ ಮೊದಲಿನ ಮೂರು ಪದ ಕತ್ತರಿಸಿದ್ದು, ಅಷ್ಟೇ!

ಪರ್ವತಯ್ಯನ ಮುಖದಲ್ಲಿ ರಕ್ತ ಇಂಗಿಹೋಯಿತು. "ನಿಜಮಾ?" ಎಂದ, ನಾಲಿಗೆ ತೆಲುಗಿಗೆ ಹೊರಳಿ. ಎದ್ದು ನಿಂತು ಟವಲ್ಲು ಕೊಡವಿದ.

"ಸರಿ ಬುಡಿ. ಅಂಗಾದ್ರೆ ನಾನೂ ಬುಟ್ಟೆ ಅನ್ನಿ."

ಅದು ಶಿವರುದ್ರಮ್ಮನದೇ ಮಾತು! ಅಕ್ಷರ ಅಕ್ಷರವೂ ಅವಳದೇ!

'ಹಾಗಾದರೆ... ಅವತ್ತು ವೃಷಭೇಂದ್ರಪ್ಪನವರು ತಂದ ಮಾತಲ್ಲಿ ಎಷ್ಟು ಪದ ಕತ್ತರಿಸಿಹೋಗಿತ್ತು?'

"ರೇಣುಕಯ್ಯ!" ಅವಳು ಅವನ ಹೆಸರು ಹಿಡಿದು ಕೂಗಿದ್ದು ಅದೇ ಮೊದಲು. "ವೃಷಭೇಂದ್ರಪ್ಪನವರ ಮುಂದೆ ಅವತ್ತು ನೀನು ಏನಂದೆ? ಇದ್ದದ್ದು ಇದ್ದಂಗೆ ಹೇಳು."

"ಈಗ್ಯಾಕೆ ಅದು?"

"ಹೇಳು ಅಂದ್ನಲ್ಲ!"

"ಹೆಂಡ್ತಿ ಎಲ್ಲಯ್ಯ ಅಂದ್ರು. ಮಗು ಹೋಗಿ ಸೊರಗವಳೆ ಸ್ವಾಮಿ, ತವರಲ್ಲಿ ಬುಟ್ಬುಟ್ಟೆ, ಕಾರ್ತೀಕ ಕಳೀಲಿ, ಕರ್ಕಂಬತ್ತೀನಿ ಅಂದೆ. ಎಂಟು ದಿನಕ್ಕೆ ಅವರೇ ತಿರುಗಿ ಬಂದು, ಅವಳೂ ಬುಟ್ಟೆ ಅಂದ್ಳು ಅಂದ್ರು."

ಅಮೀರ್ ಬಿ ಜಗಿಯುವುದನ್ನು ನಿಲ್ಲಿಸಿದಳು.

ವೃಷಭೇಂದ್ರಪ್ಪನವರು ಸತ್ತು ಎರಡು ವರ್ಷ. ಇದ್ದಿದ್ದರೆ ಅವರ ರುಮಾಲು ಹಿಡಿದು ಬೀದಿಗೆ ಎಳೆಯುತ್ತಿದ್ದಳು. ಆದರೆ ಅವರದು ಕಿವಿಯ ತಪ್ಪು. ತಾನು ಈಗ ಮಾಡಿದ್ದು? ಗೊತ್ತಿದ್ದೂ ಮಾಡಿದ್ದು.

"ಪರ್ವತಯ್ಯ, ಕೂತ್ಕೋ. ನಾನು ನಿನಗೆ ಮೋಸ ಮಾಡಿದೆ."

"ಏನಮ್ಮಾ?"

"ನಿನ್ನ ಹೆಂಡ್ತಿ ಬುಟ್ಟಿದ್ದು ನಿನ್ನನ್ನಲ್ಲ. ನೀನು ಬತ್ತೀಯ ಅನ್ನೋ ಆಸೇನ. ಮೊದಲಿನ ಮಾತು ಬೇಕಂತಲೇ ನುಂಗಿದೆ. ನಿನ್ನ ಭಾವನ ಮೇಲೆ ಸೇಡು ತೀರಿಸ್ಕೊಳೋಕೆ. ಊರಿಗೆಲ್ಲ ಹೇಳ್ಕೋ, ಇಲ್ಲಿಗೆ ಯಾರೂ ಬರದಿದ್ರೂ ಸರಿ."

ಅವಳು ದಾಕ್ಷಾಯಣಿಯ ರಟ್ಟೆ ಹಿಡಿದು ತಂದು ಅವನ ಎದುರು ಕೂರಿಸಿದಳು. "ಮಾತಾಡ್ಕಳಿ. ನಾನು ಬಾಯಿ ಹಾಕಲ್ಲ."

ಪರ್ವತಯ್ಯನ ಕಣ್ಣು ದಾಕ್ಷಾಯಣಿಯ ಹೊಟ್ಟೆಯ ಮೇಲೆ ನಿಂತಿತು.

"ಬಸುರಿ ಅಂತ ಯಾಕೆ ಹೇಳಿ ಕಳಿಸ್ಲಿಲ್ಲ?" ಪರ್ವತಯ್ಯ ಗೊಣಗಿದ.

"ನೀವು ಯಾಕೆ ಕೇಳ್ಕೊಂಡು ಬರ್ಲಿಲ್ಲ?"

"ಬೈತೀಯ ಅಂತ ಹೆದರಿಕೆ."

"ಈಗೇನು ಮುದ್ದು ಮಾಡ್ತಾ ಇದೀನಾ?" ಅಳುವಿನ ನಡುವೆಯೇ ಅವಳಿಗೆ ನಗು ಬಂತು.

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಪಾವಗಡಕ್ಕೆ ಹೊರಟರು. ರೇಣುಕಯ್ಯ ಹೋಗಲಿಲ್ಲ. ಅಮೀರ್ ಬಿ, "ನನಗೆ ಯಾರದೋ ಹೆರಿಗೆ ಇದೆ," ಎಂದು ಎದ್ದಳು. ಯಾರದೂ ಇರಲಿಲ್ಲ.

ಜಗಲಿಯಲ್ಲಿ ಇಬ್ಬರೇ ಉಳಿದರು.

"ರುದ್ರೀ..."

"ಬಂದು ಕೇಳೋಕೆ ನಿನಗೆ ಕಾಲಿರ್ಲಿಲ್ವಾ?"

"ಕಾಲಿತ್ತು. ಮಾನ ಅಡ್ಡ ಬಂತು. ನಿನಗೂ ಬಾಯಿತ್ತಲ್ಲ?"

ಅದೂ ನಿಜವೇ.

"ಬೇರೆ ಮದುವೆ?" ಅವಳು ಕೇಳಿದಳು.

"ನೋಡಿದ್ರು. ಆಗ್ಲಿಲ್ಲ... ಮನಸ್ಸಾಗ್ಲಿಲ್ಲ." ಅವನ ದನಿ ಒಡೆಯಿತು. "ನಡಿ ಮನೇಗೆ ಹೋಗಾನ."

"ನಾನು ಬರಲ್ಲ."

ಅವನ ಮುಖ ಕಪ್ಪಿಟ್ಟಿತು.

"ಏಳು ವರ್ಷ ನನ್ನ ಬಿಟ್ಟೋಳು ಅಂದ್ರು. ಕೆರೆ ಹತ್ರ, ಮಠದ ಹತ್ರ, ಮದುವೆಮನೇಲಿ. ನಿನ್ನ ಯಾರಾದ್ರೂ ಏನಾದ್ರೂ ಅಂದ್ರಾ? ಗಂಡಸು! ಈಗ ನೀನು ಇಲ್ಲಿಗೆ ಬಾ. ಹೆಂಡ್ತಿ ಮನೆ ಸೇರ್ದೋನು ಅಂತ ಜನ ನಗ್ಲಿ. ಏಳು ವರ್ಷ ನಗ್ಲಿ. ಆಮೇಲೆ ಬೇಕಾದ್ರೆ ಕೊರಟಗೆರೆ ಮಾತಾಡಾನ."

"ಹೊಲ ತಮ್ಮ ನೋಡ್ಕೋತಾನೆ," ಎಂದ ಅವನು. "ಎತ್ತು ಹೊಡ್ಕೊಂಡು ಸೋಮವಾರ ಬತ್ತೀನಿ."

ಅವಳು ಸೋತಳೋ ಗೆದ್ದಳೋ ಅವಳಿಗೇ ತಿಳಿಯಲಿಲ್ಲ. ಕಣ್ಣೀರು ಮಾತ್ರ ಹೇಳದೆ ಕೇಳದೆ ಇಳಿಯಿತು.

"ಏಳು ವರ್ಷ ಆದ್ಮೇಲೆ ಬೈಗುಳ ನಿಲ್ಲುತ್ತಾ?" ಅವನು ಕೇಳಿದ.

"ಜನರದ್ದು ನಿಲ್ಲುತ್ತೆ. ನನ್ನದು ಸಾಯೋವರೆಗೂ ಇರುತ್ತೆ."

ರೇಣುಕಯ್ಯ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಸೋಮವಾರದ ತನಕ ಯಾಕೆ ಕಾಯೋದು? ಈಗಲೇ ಬೈಯೋಕೆ ಶುರು ಮಾಡು," ಎಂದ.