ವಿಭೂತಿ ಹಚ್ಚಿದ ವೈಫೈ ಡಬ್ಬಿ

“ಅಪ್ಪಾ, ಒತ್ತಿದೇನು?”

“ಒತ್ತೀನಿ! ನೀನೂ ಒತ್ತವಾ ಲಗೂನ!”

“ಹೆಂಗ ಒತ್ಲಿ? ಆಯಿ ಅಡ್ಡ ನಿಂತಾಳ!”

ಅಪ್ಪ ಗಾಳೇಶ ಪಡಸಾಲೆಯಲ್ಲಿ ಜೋಳದ ಚೀಲಗಳ ಮೇಲೆ ಹತ್ತಿ ನಿಂತಿದ್ದ. ಅವನ ಬೆರಳು ಗೋಡೆಯ ತುದಿಯಲ್ಲಿದ್ದ ವೈಫೈ ರೂಟರಿನ ಬಟನ್ ಮೇಲಿತ್ತು. ಅಕ್ಕ ರೇಣುಕಾ ನಡುಮನೆಯಲ್ಲಿ, ವೈಫೈಯನ್ನು ಒಳಕೋಣೆಗಳಿಗೆ ಮುಟ್ಟಿಸುವ ಹೊಸ ಎಕ್ಸ್‌ಟೆಂಡರಿನ ಮುಂದೆ ನಿಂತಿದ್ದಳು. ಅಕ್ಕನಿಗೂ ಎಕ್ಸ್‌ಟೆಂಡರಿಗೂ ನಡುವೆ ಪೂಜೆಯ ತಟ್ಟೆ ಹಿಡಿದು ಅಪ್ಪನ ತಾಯಿ ಮುದಕಮ್ಮ ಆಯಿ ನಿಂತಿದ್ದಳು.

ಬಾಗಿಲಲ್ಲಿ ನಿಂತು ಇತ್ತಲಿನ ಮಾತು ಅತ್ತ ಮುಟ್ಟಿಸುವ ಕೆಲಸ ಹತ್ತು ವರ್ಷದ ದುರ್ಗಾಳದು. ಆ ಕೆಲಸ ಅವಳಿಗೆ ಭಾರಿ ಖುಷಿ ಕೊಟ್ಟಿತ್ತು. ಅಕ್ಕ ಒಂದು ಮಾತು ಹೇಳಿದರೆ ಇವಳು ಎರಡು ಸೇರಿಸಿ ಕೂಗುತ್ತಿದ್ದಳು.

“ಅಪ್ಪಾ, ಆಯಿ ತಟ್ಟಿ ಹಿಡಕೊಂಡು ಧರಣಿ ಕುಂತಾಳ!”

“ಪೂಜಿ ಇಲ್ಲದ ಹೊಸಾ ಸಾಮಾನು ಚಾಲೂ ಮಾಡೋದು ಯಾವ ಮನ್ಯಾಗ ಐತಿ?” ಎಂದಳು ಆಯಿ.

“ಆಯಿ, ಎರಡ ನಿಮಿಷದಾಗ ಎರಡೂ ಕಡೆ ಒತ್ತಬೇಕು. ಇಲ್ಲಂದ್ರ ಅದಕ್ಕೂ ಇದಕ್ಕೂ ಜೋಡಿ ಆಗಂಗಿಲ್ಲ,” ಎಂದಳು ಅಕ್ಕ.

“ಎರಡ ನಿಮಿಷದಾಗ ಕೂಡೋ ಜೋಡಿ ಎಷ್ಟ ದಿನ ಬಾಳೀತು? ತಡಿ ಒಂಚೂರು.”

ಕುಕನೂರಿನ ಆ ಹಳೆಯ ಮನೆಯಲ್ಲಿ ಪದ್ಧತಿಯೇ ಹಾಗೆ. ಹೊಸದು ಏನು ಬಂದರೂ ಆಯಿಯ ಕೈಯಿಂದ ಮೊದಲು ವಿಭೂತಿ ಹಚ್ಚಿಸಿಕೊಳ್ಳಬೇಕು. ಮಿಕ್ಸಿ ಹಚ್ಚಿಸಿಕೊಂಡಿತ್ತು. ಅಪ್ಪನ ಹೆಲ್ಮೆಟ್ಟೂ ಹಚ್ಚಿಸಿಕೊಂಡಿತ್ತು. ಹೋದ ವರ್ಷ ಹೊಸ ಪೊರಕೆಯ ಹಿಡಿಗೂ ಮೂರು ಬೆರಳಿನ ಗೆರೆ ಬಿದ್ದಿತ್ತು. ಕಣ್ಣಿಗೆ ಕಾಣದ ಗಾಳಿಯಲ್ಲಿ ಪಾಠ ತಂದು ಕೊಡುವ ಈ ಡಬ್ಬಿಯನ್ನು ಆಯಿ ಬಿಟ್ಟಾಳೆಯೇ?

ಈ ಡಬ್ಬಿ ಬಂದದ್ದೇ ಅಕ್ಕನಿಗಾಗಿ. ಆ ಮನೆಯ ಮಣ್ಣಿನ ಗೋಡೆಗಳು ಎರಡು ಮೊಳ ದಪ್ಪ. ಪಡಸಾಲೆಯ ವೈಫೈ ನಡುಮನೆಗೆ ಬರುವಷ್ಟರಲ್ಲಿ ಸುಸ್ತಾಗುತ್ತಿತ್ತು, ಹಿತ್ತಲ ಕೋಣೆಗೆ ಬರುತ್ತಲೇ ಇರಲಿಲ್ಲ. ಪಿಯುಸಿ ಓದುವ ಅಕ್ಕ ಆನ್‌ಲೈನ್ ಕ್ಲಾಸಿಗೆ ಜೋಳದ ಚೀಲದ ಮೇಲೆ ಕೂರಬೇಕಿತ್ತು. ಬಂದವರೆಲ್ಲ, “ಯಾಕವಾ, ಚೀಲ ಕಾಯಾಕ ಕುಂತೀಯೇನು?” ಎಂದು ಕೇಳುತ್ತಿದ್ದರು.

ಆಯಿ ವಿಭೂತಿ ಗಟ್ಟಿಯ ಮೇಲೆ ನೀರಿನ ಬೆರಳು ತಿಕ್ಕಿ ಎಕ್ಸ್‌ಟೆಂಡರಿನ ಹಣೆಗೆ ಅಡ್ಡಕ್ಕೆ ಮೂರು ಗೆರೆ ಎಳೆದಳು. ಕುಂಕುಮ ಇಟ್ಟಳು. ಹೊಸ್ತಿಲಿಗೆ ಕಾಯಿ ಒಡೆದು ಅದರ ನಾಲ್ಕು ಹನಿ ನೀರನ್ನು ಡಬ್ಬಿಗೆ ಚಿಮುಕಿಸಿದಳು.

“ಆಯಿ! ಕರೆಂಟಿನ ಸಾಮಾನದು!” ಎಂದು ಅಕ್ಕ ಚೀರಿದಳು.

“ಇರ್ಲಿ. ಅದಕ್ಕೂ ತಂಪ ಆಗ್ಲಿ.”

ಅಪ್ಪ ಮತ್ತೊಮ್ಮೆ ಒತ್ತಿದ. ಅಕ್ಕನೂ ಒತ್ತಿದಳು. ಡಬ್ಬಿಯ ದೀಪ ಮಿಣುಕಿ ಮಿಣುಕಿ, ಕೊನೆಗೆ ಹಸಿರಾಗಿ ನಿಂತಿತು. ಅಕ್ಕ ಹಿತ್ತಲ ಕೋಣೆಗೆ ಓಡಿದಳು. “ಬಂತು! ಫುಲ್ ಬಂತು!” ಎಂದು ಅಲ್ಲಿಂದಲೇ ಕೂಗಿದಳು.

“ನೋಡಿದ್ರೇನು?” ಎಂದಳು ಆಯಿ. ಇಡೀ ಡಬ್ಬಿಯನ್ನು ತಾನೇ ಮಾಡಿಸಿ ತಂದವಳ ಹಾಗೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಎರಡು ದಿನ ಎಲ್ಲವೂ ಚೆನ್ನಾಗಿತ್ತು. ಮೂರನೆಯ ದಿನ, ಬುಧವಾರ, ದುರ್ಗಾಳ ಕಣ್ಣಿಗೆ ಆ ತೂತು ಬಿತ್ತು.

ಡಬ್ಬಿಯ ಕೆಳಗಡೆ ಇತ್ತು ಅದು. ಸೂಜಿ ಹೋಗುವಷ್ಟೇ ಸಣ್ಣದು. ದುರ್ಗಾ ಒಂದು ಕಣ್ಣು ಮುಚ್ಚಿ ನೋಡಿದಳು. ಒಳಗೆ ಕತ್ತಲೆ. ಉಫ್ ಎಂದು ಊದಿದಳು. ಏನೂ ಆಗಲಿಲ್ಲ. ತೂತು ಇದೆ ಅಂದಮೇಲೆ ಅದರೊಳಗೆ ಏನಾದರೂ ಹೋಗಲೇಬೇಕಲ್ಲ! ಇಲ್ಲದಿದ್ದರೆ ಕಂಪನಿಯವರು ಯಾಕೆ ಮಾಡುತ್ತಿದ್ದರು?

ಅವಳ ಯೂನಿಫಾರ್ಮಿನಲ್ಲಿ ಒಂದು ಪಿನ್ ಇತ್ತು. ಬಿಚ್ಚಿದಳು. ಚುಚ್ಚಿದಳು. ಒಳಗೆ ಏನೋ ಮೆತ್ತಗೆ ‘ಟಿಕ್’ ಎಂದಿತು. ಭಾರಿ ಮಜಾ ಅನ್ನಿಸಿತು. ಇನ್ನೂ ಸ್ವಲ್ಪ ಒತ್ತಿ ಹಿಡಿದಳು.

ದೀಪಗಳೆಲ್ಲ ಆರಿದವು. ಆಮೇಲೆ ಒಂದೇ ಒಂದು ಹತ್ತಿತು. ಕೆಂಪು.

ದುರ್ಗಾ ಒಂದೇ ಜಿಗಿತಕ್ಕೆ ಪಡಸಾಲೆಗೆ ಬಂದು ಪುಸ್ತಕ ತೆಗೆದಳು. ಟೀಚರ್ ಕೊಡದಿದ್ದ ಹೋಂವರ್ಕನ್ನೂ ಮಾಡತೊಡಗಿದಳು.

“ಯಾರ ಏನ ಮಾಡಿದ್ರಿ? ಕ್ಲಾಸ್ ಕಟ್ ಆತು!” ಅಕ್ಕನ ಕೂಗಿಗೆ ಹಿತ್ತಲಿನ ಕೋಳಿಗಳು ಹಾರಿದವು.

ಸಂಜೆ ಆಫೀಸಿನಿಂದ ಬಂದ ಅಪ್ಪ ಡಬ್ಬಿಯನ್ನು ಕಿತ್ತು ತಿರುಗಿಸಿ ನೋಡಿದ. ಗಾಳಿಯಾಡುವ ಸೀಳುಗಳಲ್ಲಿ ಬೆಳ್ಳಗೆ ವಿಭೂತಿ ಒಣಗಿ ಕೂತಿತ್ತು. ಮೂಗಿಗೆ ಹಿಡಿದು ನೋಡಿದ.

“ಕಾಯಿ ನೀರು ಒಳಗ ಇಳದೈತಿ. ಸುಟ್ಟಂಗ ಐತಿ ಇದು.”

“ನಾ ಅವತ್ತ ಹೇಳಿದ್ನಿ. ಯಾರ ಕೇಳ್ತಾರ ನನ್ನ ಮಾತು?” ಅಕ್ಕನ ಕಣ್ಣು ತುಂಬಿತ್ತು. “ಸೋಮವಾರ ಮಾಡೆಲ್ ಟೆಸ್ಟ್ ಐತಿ ನಂದು.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಯಿ ಮೆಲ್ಲಗೆ ಕೇಳಿದಳು. “ನನ್ನಿಂದ ಕೆಟ್ಟಿತೇನಪಾ?”

ಅಪ್ಪ ಸೀಳಿನ ವಿಭೂತಿಯನ್ನು ಉಗುರಿನಿಂದ ಕೆರೆಯುತ್ತಲೇ ಇದ್ದ. ಆಗ ದುರ್ಗಾ ತಲೆ ಎತ್ತಿ ಹೇಳಿದಳು.

“ಕುಂಕುಮಾನೂ ಒಳಗ ಹೋಗಿತ್ತಪಾ. ನಾ ನೋಡೀನಿ.”

ಯಾರೂ ಕೇಳದ ಮಾತು ಅದು. ಹೇಳಿದ ಮೇಲೆ ಎದೆ ಹಗುರಾಯಿತು. ಬದುಕಿಕೊಂಡೆ ಅಂದುಕೊಂಡು ಅವಳು ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

ಮರುದಿನ ಅವ್ವ ಸಂತೆಯಿಂದ ಹೊಸ ಕೊಡ ತಂದಳು. ತಂದು ಆಯಿಯ ಮುಂದೆ ಇಟ್ಟಳು.

“ನೀನ ಹಚ್ಚವಾ,” ಎಂದು ಆಯಿ ಎದ್ದು ಹೋದಳು.

ಶುಕ್ರವಾರ ಬೆಳಿಗ್ಗೆ ದುರ್ಗಾ ಬ್ಯಾಗು ಹೆಗಲಿಗೇರಿಸಿ, ದಿನದ ಹಾಗೆ ಆಯಿಯ ಮುಂದೆ ಹಣೆ ಚಾಚಿ ನಿಂತಳು. ಆಯಿ ವಿಭೂತಿ ಗಟ್ಟಿಯನ್ನು ಅವಳ ಕೈಗೇ ಕೊಟ್ಟಳು.

“ನೀನ ಹಚ್ಕೊಂಡ ಹೋಗ. ನನ್ನ ಕೈ ಛಲೋ ಇಲ್ಲ ಈಗ.”

“ಯಾಕ ಆಯಿ, ನೋಯಾಕತ್ತೈತೇನು?”

“ಇಲ್ಲ. ಮಾಡಾಕ ಹೋದದ್ದು ಕೆಡತೈತಿ.”

ದುರ್ಗಾ ಕನ್ನಡಿ ಇಲ್ಲದೆ ತಾನೇ ಹಚ್ಚಿಕೊಂಡಳು. ಶಾಲೆಯಲ್ಲಿ ಗೆಳತಿ ಹಜರತಬೀ ಅವಳ ಹಣೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಏನಲೇ ಇದು, ಯಲಬುರ್ಗಾ ಬಸ್ಸ ತಿರುವಿನ್ಯಾಗ ಹೊಳ್ಳಿದಂಗ ಹೊಳ್ಳ್ಯಾವ ಗೆರಿ!”

ಬೇರೆ ದಿನವಾಗಿದ್ದರೆ ದುರ್ಗಾಳೂ ಒಂದು ಮಾತು ತಿರುಗಿಸಿ ಕೊಡುತ್ತಿದ್ದಳು. ಅಂದು ಅಂಗೈಯಿಂದ ಹಣೆ ಮುಚ್ಚಿಕೊಂಡು ಕೂತಳು.

ಅಂದು ಸಂಜೆ ಅಪ್ಪ ಹೇಳಿದ. “ನಾಳಿ ಸಂಜಿಗೆ ಡಬ್ಬಿ ಕೊಪ್ಪಳಕ್ಕ ಒಯ್ತೀನಿ. ಅಂಗಡಿಯವರು ಬಿಚ್ಚಿ, ಯಾಕ ಕೆಟ್ಟಿತು ಅನ್ನೋದು ಕಂಡ್ ಹಿಡಿತಾರ.”

ದುರ್ಗಾಳ ಬಾಯಿಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಯಾಕೆ ಕೆಟ್ಟಿತು ಅಂತ ಕಂಡು ಹಿಡಿಯುತ್ತಾರಾ? ಪಿನ್ನಿನ ಗುರುತು ಕಾಣುತ್ತದಾ?

ಶನಿವಾರ ಬೆಳಗಿನ ಶಾಲೆ. ಬಿಟ್ಟ ಕೂಡಲೇ ಓಡಿ ಬಂದಳು. ಅಪ್ಪ ಆಫೀಸಿನಲ್ಲಿ, ಅಕ್ಕ ಕಾಲೇಜಿನಲ್ಲಿ, ಅವ್ವ ಹೊಲದಲ್ಲಿ. ಮನೆಯಲ್ಲಿ ಆಯಿ ಒಬ್ಬಳೇ ಶೇಂಗಾ ಸುಲಿಯುತ್ತ ಕೂತಿದ್ದಳು.

ದುರ್ಗಾ ಎಕ್ಸ್‌ಟೆಂಡರಿನ ಖಾಲಿ ಪೆಟ್ಟಿಗೆ ಹುಡುಕಿ, ಅದರ ತಳದಲ್ಲಿದ್ದ ಮಡಿಕೆ ಕಾಗದ ಬಿಡಿಸಿದಳು. ಅದರಲ್ಲಿ ಅದೇ ತೂತಿನ ಚಿತ್ರವಿತ್ತು, ಪಕ್ಕದಲ್ಲಿ ಒಂದು ಪಿನ್ನೂ ಇತ್ತು! ಕೆಳಗಿನ ಇಂಗ್ಲಿಷ್ ಪದವನ್ನು ಅಕ್ಷರ ಕೂಡಿಸಿ ಓದಿದಳು. ‘ರಿಸೆಟ್’.

ರಿಸೆಟ್ ಅವಳಿಗೆ ಗೊತ್ತಿತ್ತು. ಮೊಬೈಲ್ ಗೇಮಿನಲ್ಲಿ ರಿಸೆಟ್ ಒತ್ತಿದರೆ ಗೆದ್ದದ್ದೆಲ್ಲ ಹೋಗಿ ಮೊದಲಿನಿಂದ ಆಡಬೇಕು. ಅಂದರೆ ಡಬ್ಬಿ ಸುಟ್ಟಿಲ್ಲ! ರೂಟರನ್ನು ಮರೆತುಬಿಟ್ಟಿದೆ, ಅಷ್ಟೆ. ಮತ್ತೆ ಎರಡೂ ಕಡೆ ಒತ್ತಿದರೆ ಆಯಿತು. ಯಾರಿಗೂ ಗೊತ್ತಾಗುವುದೇ ಇಲ್ಲ!

ಡಬ್ಬಿಯನ್ನು ಪ್ಲಗ್ಗಿಗೆ ಸಿಕ್ಕಿಸಿದಳು. ಪಡಸಾಲೆಗೆ ಓಡಿ ಜೋಳದ ಚೀಲ ಹತ್ತಿದಳು. ಅಪ್ಪನ ಎತ್ತರ ಅವಳಿಗಿರಲಿಲ್ಲ, ಕೈ ಮುಟ್ಟಲಿಲ್ಲ. ಸ್ಟೂಲು ಏರಿಸಿದಳು. ಆದರೂ ಸಾಲಲಿಲ್ಲ. ಸ್ಟೂಲಿನ ಮೇಲೆ ಹಿಟ್ಟಿನ ಡಬ್ಬಿ ಇಟ್ಟು, ಗೋಡೆಯ ಗೂಟ ಹಿಡಿದು, ತುದಿಗಾಲಲ್ಲಿ ನಿಂತು ರೂಟರಿನ ಬಟನ್ ಒತ್ತಿದಳು.

ಹತ್ತುವುದೇನೋ ಆಯಿತು. ಇಳಿಯುವುದೇ ಬರಲಿಲ್ಲ. ಒಂದು ಕಾಲು ಕೆಳಗೆ ಬಿಟ್ಟರೆ ಸ್ಟೂಲು ಸಿಗಲಿಲ್ಲ. ಇನ್ನೊಂದು ಕಾಲು ಚೀಲಗಳ ಸಂದಿಯಲ್ಲಿ ಸಿಕ್ಕಿಕೊಂಡಿತು. ಬಿಡಿಸಿಕೊಂಡು ಓಡಿ ಹೋಗಿ ಎಕ್ಸ್‌ಟೆಂಡರಿನ ಬಟನ್ ಒತ್ತುವಷ್ಟರಲ್ಲಿ ರೂಟರಿನ ಮಿಣುಕು ನಿಂತೇ ಹೋಗಿತ್ತು. ಕೆಂಪು ದೀಪ ಕೆಂಪಾಗಿಯೇ ಇತ್ತು.

ಎರಡನೆಯ ಸಲ ಹಿಟ್ಟಿನ ಡಬ್ಬಿಯೇ ಉರುಳಿತು. ತಲೆಯಿಂದ ಕಾಲಿನ ತನಕ ಬೆಳ್ಳಗಾಗಿ ಅವಳು ಆಯಿಯ ಮುಂದೆ ಬಂದು ನಿಂತಳು.

ಆಯಿ ಕತ್ತೆತ್ತಿ ನೋಡಿದಳು. “ಇದೇನಬೇ, ಮೈತುಂಬ ಈಬತ್ತಿ ಹಚ್ಕೊಂಡ ಬಂದೀ?”

“ಆಯಿ, ಒಂದ ಕೆಲಸ ಮಾಡ. ನಡುಮನ್ಯಾಗ ನಿಂತಿರು. ನಾ ಒತ್ತು ಅಂದಕೂಡ್ಲೆ ಡಬ್ಬಿ ಬಟನ್ ಒತ್ತು.”

“ನಾ ಒಲ್ಲೆ.”

“ಒಂದ ಸಲ ಆಯಿ.”

“ಇನ್ನೊಮ್ಮಿ ನಾ ಅದನ್ನ ಮುಟ್ಟಂಗಿಲ್ಲ. ಮೊದಲ ಕೆಟ್ಟೈತಿ.”

“ನೀ ಮುಟ್ಟಿದ್ದಕ್ಕ ಕೆಟ್ಟಿಲ್ಲ ಅದು.”

“ನಿನಗ ಹೆಂಗ ಗೊತ್ತು?”

ದುರ್ಗಾ ಗೋಡೆ ನೋಡಿದಳು. ಸೂರು ನೋಡಿದಳು. ಆಯಿಯ ಬೆರಳುಗಳು ಶೇಂಗಾ ಸಿಪ್ಪೆಯ ಮೇಲೆ ಸುಮ್ಮನೆ ಕಾಯುತ್ತಿದ್ದವು.

“ತೂತಿನ್ಯಾಗ ಪಿನ್ ಚುಚ್ಚಿದ್ನಿ ಆಯಿ. ನಾನ. ಏನ ಆಕ್ಕೈತಿ ನೋಡಬೇಕಂತ.”

ಆಯಿ ತನ್ನ ಎರಡೂ ಅಂಗೈ ಮೇಲೆ ಮಾಡಿ ನೋಡಿಕೊಂಡಳು.

“ಹಂಗಾರ ನನ್ನ ಈಬತ್ತಿಯಿಂದ ಅಲ್ಲೇನು?”

“ಅಲ್ಲ.”

“ಕಾಯಿ ನೀರಿನಿಂದ?”

“ಅದರಿಂದಾನೂ ಅಲ್ಲ.”

“ಕುಂಕುಮ ಒಳಗ ಹೋಗಿತ್ತು, ನೋಡೀನಿ ಅಂದಿ?”

ದುರ್ಗಾ ತಲೆ ತಗ್ಗಿಸಿದಳು. ಕೂದಲಿನಿಂದ ಹಿಟ್ಟು ಉದುರಿತು.

“ಕಳ್ಳಿ!” ಎಂದು ಆಯಿ ಅವಳ ಬೆನ್ನಿಗೆ ಒಂದು ಗುದ್ದಿದಳು. ಹಿಟ್ಟು ಹೊಗೆಯ ಹಾಗೆ ಎದ್ದಿತು. ಆಯಿಗೆ ಸೀನು ಬಂತು. ಸೀನಿದ ಮೇಲೆ ನಗುವೂ ಬಂತು. “ಹತ್ತ ಮ್ಯಾಲೆ. ಬೀಳಬ್ಯಾಡ ಮತ್ತ.”

ಆಯಿ ಬೆರಳನ್ನು ಸೀರೆಯ ಸೆರಗಿಗೆ ಮೂರು ಸಲ ಒರೆಸಿಕೊಂಡು ಡಬ್ಬಿಯ ಮುಂದೆ ನಿಂತಳು. “ಒಣಾ ಬೆರಳಪಾ ಇದು,” ಎಂದು ಡಬ್ಬಿಗೇ ತಿಳಿಸಿದಳು.

“ಆಯಿ, ಒತ್ತು!”

“ಶಿವನೇ, ನಿನ್ನ ಹೆಸರ ಮ್ಯಾಲೆ,” ಎಂದು ಆಯಿ ಒತ್ತಿದಳು.

ದೀಪ ಮಿಣುಕಿತು. ಮಿಣುಕುತ್ತಲೇ ಇತ್ತು. ಕೆಳಗಿಳಿದು ಬಂದ ದುರ್ಗಾ ಆಯಿಯ ಸೆರಗು ಹಿಡಿದು ನಿಂತಳು. ಕೊನೆಗೆ ಹಸಿರು ದೀಪ ನಿಂತಿತು.

ಸಂಜೆ ಡಬ್ಬಿ ಒಯ್ಯಲು ಚೀಲ ಹಿಡಿದು ಬಂದ ಅಪ್ಪ ಬೆರಗಾದ. ಅಕ್ಕ ಮೊಬೈಲ್ ಹಿಡಿದು ಹಿತ್ತಲ ಕೋಣೆಗೂ ನಡುಮನೆಗೂ ಮೂರು ಸಲ ಓಡಾಡಿದಳು.

“ಒಳಗಿನ ನೀರು ಆರಿರಬೇಕು. ತಾನ ಸರಿ ಆಗೇತಿ,” ಎಂದ ಅಪ್ಪ. “ಅವ್ವಾ, ಇನ್ನ ಮ್ಯಾಲೆ ಇದರ ಸನೇಕ ಹೋಗಬ್ಯಾಡ ನೋಡ.”

“ಹೂಂನಪಾ,” ಎಂದಳು ಆಯಿ.

ಅಷ್ಟೇ. ದುರ್ಗಾಳ ಕಡೆ ತಿರುಗಿಯೂ ನೋಡಲಿಲ್ಲ. ಒಂದೊಂದೇ ಶೇಂಗಾ ಸುಲಿದು ಪುಟ್ಟಿಗೆ ಹಾಕುತ್ತಿದ್ದಳು. ಈಗ ಹೇಳುತ್ತಾಳೆ, ಇನ್ನೊಂದು ಕಾಯಿ ಸುಲಿದ ಮೇಲೆ ಹೇಳುತ್ತಾಳೆ ಎಂದು ದುರ್ಗಾ ಕಾದಳು. ಆಯಿ ಹೇಳಲಿಲ್ಲ. ಹೇಳುವ ಹಾಗೂ ಕಾಣಲಿಲ್ಲ. ದುರ್ಗಾ ಸುಮ್ಮನಿದ್ದುಬಿಟ್ಟರೆ ಆಯಿತು, ಅವಳಿಗೆ ಯಾರ ಭಯವೂ ಇರಲಿಲ್ಲ.

“ಅಪ್ಪಾ,” ಎಂದಳು. “ಅದು ತಾನ ಸರಿ ಆಗಿಲ್ಲ. ತಾನ ಕೆಟ್ಟೂ ಇರಲಿಲ್ಲ.”

ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಅಕ್ಕ ಜಡೆ ಹಿಡಿದಾಗಿತ್ತು. “ನಾಕ ದಿನ ಚೀಲದ ಮ್ಯಾಲೆ ಕೂಡಿಸಿದಿ ನನ್ನ! ನೂರು ಬಸ್ಕಿ ಹೊಡಿ!”

“ಐವತ್ತು,” ಎಂದ ಅಪ್ಪ. ಅವನು ಆಯಿಯ ಕಡೆ ನೋಡಿದ. ಅವಳ ಪಕ್ಕ ಕೂತು ತಾನೂ ಒಂದು ಹಿಡಿ ಶೇಂಗಾ ಸುಲಿಯತೊಡಗಿದ. “ನೀನ ಎಣಸವ್ವಾ.”

ದುರ್ಗಾ ಕಿವಿ ಹಿಡಿದು ಕೂತು ಎದ್ದಳು.

“ಹನ್ನೊಂದು,” ಎಂದು ಆಯಿ ಎಣಿಸಿದಳು. “ಹನ್ನೆರಡು. ಹದಿಮೂರು. ಇಪ್ಪತ್ತು.”

“ಆಯಿ! ನಡುವಿನವು ಎಲ್ಲಿ ಹೋದ್ವು?” ಎಂದಳು ಅಕ್ಕ.

“ನಾನೇನ ಸಾಲಿ ಕಲ್ತಾಕಿಯೇನು? ನನಗ ಬಂದಂಗ ಎಣಸ್ತೀನಿ. ಇಪ್ಪತ್ತೊಂದು. ಇಪ್ಪತ್ತೆರಡು.”

‘ಹದಿನಾರು,’ ಎಂದಳು ದುರ್ಗಾ ಬಾಯೊಳಗೇ.

ಮೊಣಕಾಲು ನಡುಗತೊಡಗಿದವು. ಕಿವಿ ಬಿಸಿಯಾದವು. ಆಯಿ ಮಾತ್ರ ಹೊಲದಿಂದ ಮನೆಗೆ ಬರುವ ಎತ್ತಿನ ಹಾಗೆ ನಿಧಾನವಾಗಿ ಎಣಿಸಿ ಮುಗಿಸಿದಳು.

“ಐವತ್ತು. ಸಾಕ, ಏಳ ಇನ್ನ.”

ದುರ್ಗಾ ಕಿವಿ ಬಿಡಲಿಲ್ಲ.

“ಇನ್ನೂ ಆರು ಅದಾವ ಆಯಿ,” ಎಂದು ಮತ್ತೆ ಕೂತಳು.